ಸಾಸ್ಕಿಯಾಳಿಗೆ ಕಾಯ್ದಿರಿಸಿದ ಕೋಣೆ

೧

ಎಲ್ಲಿಂದ ಶುರುಮಾಡಲಿ? ಅಜ್ಜಿಗೆ ಈ ತೊಂದರೆ ಇರಲಿಲ್ಲ. ಕೆಂಪು ದಾರ ರಾಟೆಗೆ ಸುತ್ತಿದೆ, ಕಾಲಿಂದ ಒದ್ದರೆ ರಾಟೆ ತಿರುಗುತ್ತೆ, ತಿರುಗಿದರೆ ಕಥೆ ಬಿಚ್ಚಿಕೊಳ್ಳುತ್ತೆ ಎಂದು ಕಾಲು ಚಾಚಿ ಕೂತುಬಿಡುತ್ತಿದ್ದಳು. ನನ್ನ ಬಳಿ ರಾಟೆ ಇಲ್ಲ. (ಇದೆ. ಕೆಳಗೆ ಅತಿಥಿಗಳ ಹಜಾರದಲ್ಲಿ ಅಲಂಕಾರಕ್ಕೆ ನಿಂತಿದೆ. ಮುಟ್ಟಬಾರದೆಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದವಳು ನಾನೇ.)

ಹೀಗೆ ಶುರುಮಾಡಬಹುದೆ?

"ಮೆಡಿಟರೇನಿಯನ್ ಕಡಲಿನ ಅಂಚಿನಲ್ಲಿ ಒಂದು ಪ್ರಶಾಂತ ಕೊಲ್ಲಿ."

ಬೇಡ. ಹೊಡೆದುಹಾಕಿದೆ. ಪ್ರಶಾಂತ ಎನ್ನುವುದು ಜಾಹೀರಾತಿನವರ ಮಾತು. ಬೇಸಿಗೆಯಿಡೀ ಬಡಗಣ ಗಾಳಿ, ನಾವು ಮೆಲ್ತೆಮಿ ಎನ್ನುತ್ತೇವಲ್ಲ ಅದು, ಅರ್ಮಿರಾ ಕೊಲ್ಲಿಯನ್ನು ಜುಟ್ಟು ಹಿಡಿದು ಎಳೆದಾಡುತ್ತದೆ. ಕುರ್ಚಿ ಹಾರುತ್ತದೆ, ಮೇಜುಬಟ್ಟೆ ಹಾರುತ್ತದೆ, ಒಮ್ಮೆ ಪಾದ್ರಿಯ ಟೋಪಿ ಹಾರಿ ಮೇಕೆಯ ಕೊಂಬಿಗೆ ಸಿಕ್ಕಿಕೊಂಡಿತ್ತು. ಆ ಗಾಳಿಗಾಗಿಯೇ ಜನ ಬರುವುದು. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಬಿದ್ದು, ಎದ್ದು, ಸಂಜೆ ಬಂದು ನನ್ನ ಕೈಯಲ್ಲಿ ಒದ್ದೆ ರಬ್ಬರ್ ಅಂಗಿ ಕೊಟ್ಟು "ಆಹಾ, ಎಂಥ ಶಾಂತಿ" ಎನ್ನುತ್ತಾರೆ. ಇಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಅದಕ್ಕೆ.

೧ (ಮತ್ತೆ)

ಹಾಲೆಂಡಿನ ಒಂದು ಒದ್ದೆ ಊರಿನಲ್ಲಿ ಸಾಸ್ಕಿಯಾ ಎಂಬ ವಿಧವೆ ಕಿಟಕಿ ಪಕ್ಕ ಕೂತು ವಿಂಡ್‌ಸರ್ಫಿಂಗ್ ರಜೆಯ ಯೋಜನೆ ಹಾಕುತ್ತಿದ್ದಳು.

"ವಿಧವೆ ಯಾಕೆ?" ಎಂದಳು ಸಾಸ್ಕಿಯಾ.

"ಒಂಟಿಯಾಗಿ ಬರೋದಕ್ಕೆ ಏನಾದ್ರೂ ಕಾರಣ ಬೇಕಲ್ವಾ?"

"ನಿನ್ನ ಊರಲ್ಲಿ ಬೇಕೇನೋ. ನಮ್ಮಲ್ಲಿ ಟಿಕೆಟ್ ಇದ್ರೆ ಸಾಕು."

(ನೋಡಿ, ಎರಡನೇ ಸಾಲಿಗೇ ಎದುರುತ್ತರ. ಅಜ್ಜಿಯ ಕಥೆಯಲ್ಲಿ ರಾಜಕುಮಾರಿಯರು ಹೇಳಿದ ಕಡೆ ಕೂರುತ್ತಿದ್ದರು.)

ಸರಿ, ಗಂಡನನ್ನು ಬದುಕಿಸಿದೆ. ಆಮೇಲೆ ಅವನು ಅಡ್ಡ ಬಂದ. ನಾನು ಅವಳಿಗೆಂದು ಯೋಚಿಸಿದ್ದ ಕೋಣೆ ಇಬ್ಬರಿಗೆ ಸಾಲದು. ಹಾಗಾಗಿ ಅವನು ಇಲ್ಲವೇ ಇಲ್ಲ, ಸಾಸ್ಕಿಯಾ ಮದುವೆಯೇ ಆಗಿಲ್ಲ, ಹಲ್ಲಿನ ಡಾಕ್ಟರು. ಅವಳು ಒಪ್ಪಿದಳು. ಹಲ್ಲಿನ ಡಾಕ್ಟರಿಗೆ ರಜೆ ಯಾಕೆಂದು ಯಾರೂ ಕೇಳುವುದಿಲ್ಲ.

೨

ಓದುಗರೇ, ಸಾಸ್ಕಿಯಾ ಇಲ್ಲ ಎಂದು ನಿಮಗೆ ಗೊತ್ತು. ನನಗೂ ಗೊತ್ತು. ಗೊತ್ತಿಲ್ಲದೆ ಇರುವುದು ನಮ್ಮಕ್ಕನಿಗೆ ಮಾತ್ರ.

ಅಕ್ಕನ ಹೆಸರು ಸೆವಸ್ತಿ. ಅಜ್ಜಿಯ ಹೆಸರೂ ಸೆವಸ್ತಿ. ನಮ್ಮ ದ್ವೀಪದಲ್ಲಿ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರಿಡುತ್ತಾರೆ, ಹೆಸರು ಯಾರಿಗೋ ಮನೆಯೂ ಅವರಿಗೆ. ಎರಡನೆಯವಳಿಗೆ ಉಳಿದ ಹೆಸರು, ಉಳಿದ ಬಟ್ಟೆ, ಅಕ್ಕನ ಮನೆಯ ಕೆಲಸ. ಇದರಲ್ಲಿ ಯಾರ ತಪ್ಪೂ ಇಲ್ಲ. (ಈ ವಾಕ್ಯವನ್ನು ಅಮ್ಮನಿಂದ ಕಲಿತೆ. ಹೇಳಿದಾಗಲೆಲ್ಲ ಬಾಯಲ್ಲಿ ಹಸಿ ಆಲಿವ್ ಕಚ್ಚಿದ ಹಾಗಾಗುತ್ತದೆ.) ನನ್ನ ಹೆಸರು ಫೋತಿನಿ. ಅದು ಯಾರ ಮನೆಯ ಬೀಗಕ್ಕೂ ಹೊಂದುವುದಿಲ್ಲ.

ಅಕ್ಕನಿಗೆ ಮನೆ ಬಂತು. ನನಗೆ ಅಜ್ಜಿಯ ಕಥೆಗಳು ಬಂದವು. ಕಥೆಗೆ ಮಾಡು ಇರುವುದಿಲ್ಲ, ಅದಕ್ಕೆ ಅವಳದೇ ಮನೆಯಲ್ಲಿ ಇಟ್ಟುಕೊಂಡಿದ್ದೇನೆ.

ಆ ಮನೆಯಲ್ಲೇ ಈಗ ಅತಿಥಿಗಳು ತಂಗುತ್ತಾರೆ. ಅಕ್ಕ ಗುಡ್ಡದಾಚೆಯ ಪಟ್ಟಣದಲ್ಲಿದ್ದಾಳೆ, ನಾನು ಇಲ್ಲಿ ನೆಲಮಟ್ಟದಲ್ಲಿ ಹಾಯಿಗಳನ್ನು ಪೇರಿಸಿಡುವ ಉಗ್ರಾಣದಲ್ಲಿ ಮಲಗುತ್ತೇನೆ. ಮೇಲೆ ಕಡಲಿನ ಕಡೆಗೆ ಒಂದು ಕೋಣೆಯಿದೆ. ಅಜ್ಜಿ ಕಥೆ ಹೇಳುತ್ತಿದ್ದದ್ದು ಅಲ್ಲಿ, ಕಣ್ಣು ಮುಚ್ಚಿದ್ದೂ ಅಲ್ಲಿ. ಅವಳು ಹೋದ ಮೇಲೆ ಅದು ಬಾಡಿಗೆ ಕೋಣೆಯಾಯಿತು. ಅಂದಿನಿಂದ ಅದನ್ನು ಗುಡಿಸಿದ್ದೇನೆ, ಒರೆಸಿದ್ದೇನೆ, ಅಲ್ಲಿ ಮಲಗಿಲ್ಲ. ಬರುವ ಚಳಿಗಾಲದಿಂದ ಇಡೀ ಮನೆಯನ್ನು ಒಂದು ಹೋಟೆಲ್ ಕಂಪನಿಗೆ ಗುತ್ತಿಗೆಗೆ ಕೊಡುತ್ತಾಳೆ ಅಕ್ಕ. ಗೋಡೆ ಒಡೆದು ಉದ್ದ ಹಜಾರ ಮಾಡುತ್ತಾರಂತೆ. ನಾನು ಪಟ್ಟಣಕ್ಕೆ, ಅವಳ ಅಡುಗೆಮನೆಯ ಪಕ್ಕದ ಕೋಣೆಗೆ.

ನನಗೆ ಬೇಕಿದ್ದದ್ದು ಒಂದೇ. ಅದಕ್ಕೆ ಮೊದಲು ಒಂದು ವಾರ, ಆ ಕೋಣೆ. ಬೆಳಗ್ಗೆ ಎದ್ದು ಕಡಲಿಗೆ ಇಳಿದು ಹಲಗೆಯ ಮೇಲೆ ನಿಲ್ಲುವುದು, ಸಂಜೆ ನನ್ನ ಒದ್ದೆ ಬಟ್ಟೆಯನ್ನು ಬೇರೆಯವರ ಕೈಗೆ ಕೊಡುವುದು. ಅಂದರೆ, ನನ್ನದೇ ಊರಿಗೆ ರಜೆಗೆ ಬರುವುದು.

ಕೇಳದೆ ಇರಲಿಲ್ಲ. ಫೋನಿನಲ್ಲಿ ಕೇಳಿದೆ.

"ಅಕ್ಕ, ಆಗಸ್ಟ್ ಕೊನೇ ವಾರ ಮೇಲಿನ ಕೋಣೆ ಖಾಲಿ ಇದೆ. ನಾನು ಇರ್ಲಾ ಅಲ್ಲಿ?"

"ಯಾಕೆ, ಕೆಳಗೆ ಇಲಿ ಬಂದಿದ್ಯಾ?"

"ಇಲಿ ಅಲ್ಲ. ರಜೆ ಥರ."

"ರಜೆನಾ?" ಅಕ್ಕ ನಕ್ಕಳು. ಕೆಟ್ಟ ನಗೆಯಲ್ಲ, ಅದೇ ತೊಂದರೆ. "ಲೋಕದ ಜನ ದುಡ್ಡು ಸುರಿದು ಬರೋ ಜಾಗದಲ್ಲಿ ನೀನು ಪುಕ್ಕಟೆ ಇದೀಯ. ವರ್ಷಪೂರ್ತಿ ರಜೆ ಕಣೇ ನಿಂದು."

"ಒಂದ್ಸಲಾನೂ ಹಲಗೆ ಮೇಲೆ ನಿಂತಿಲ್ಲ ನಾನು."

"ನಿಲ್ಲು. ಬೇಡ ಅಂದವರು ಯಾರು? ದಿನಾ ತೊಳೀತೀಯಲ್ಲ, ತೊಳೆಯೋವಾಗ ನಿಲ್ಲು."

ಆ ಮಧ್ಯಾಹ್ನವೇ ಹಾಲೆಂಡಿನಿಂದ ಅಕ್ಕನಿಗೆ ಒಂದು ಇಮೇಲ್ ಹೋಯಿತು. ಗಾಳಿ ಚೆನ್ನಾಗಿರುವ, ಜನ ಕಡಿಮೆ ಇರುವ ಕೊಲ್ಲಿ ಹುಡುಕುತ್ತಿದ್ದೇನೆ, ಆಗಸ್ಟ್ ಕೊನೆಯ ವಾರ ಕಡಲಿನ ಕಡೆಯ ಕೋಣೆ ಸಿಗಬಹುದೆ, ಇಂತಿ ಸಾಸ್ಕಿಯಾ. ಅಕ್ಕ ಮುಂಗಡ ಕೂಡ ಕೇಳಲಿಲ್ಲ. ಹಲ್ಲಿನ ಡಾಕ್ಟರಲ್ಲವೇ.

೪

(೩ ಇತ್ತು. ಅದರಲ್ಲಿ ನಾನು ಹುಟ್ಟಿದ ದಿನ ಅಪ್ಪ ಕಾಫಿ ಅಂಗಡಿಯಲ್ಲಿ ಯಾರಿಗೂ ಸಿಹಿ ಹಂಚಲಿಲ್ಲ ಎಂದೆಲ್ಲ ಬರೆದಿದ್ದೆ. ಸಾಸ್ಕಿಯಾ ಓದಿ, "ಅಳೋದು ಸಾಕು, ನನ್ನ ರಜೆ ಎಲ್ಲಿ?" ಎಂದಳು. ಹರಿದೆ.)

ಅಕ್ಕ ಫೋನು ಮಾಡಿದಳು. "ಫೋತಿನಿ, ಹಾಲೆಂಡಿನ ಡಾಕ್ಟರಮ್ಮ ಬರ್ತಿದಾಳೆ, ಮೇಲಿನ ಕೋಣೆಗೆ. ಅಜ್ಜಿ ಪೆಟ್ಟಿಗೆಯಿಂದ ಕಸೂತಿ ಹಾಸಿಗೆ ಬಟ್ಟೆ ತೆಗಿ. ಚೆನ್ನಾಗಿ ಇಸ್ತ್ರಿ ಮಾಡು. ಕಿಟಕೀಲಿ ತುಳಸಿ ಕುಂಡ ಇಡು, ಆ ಜನಕ್ಕೆ ಇಷ್ಟ ಆಗುತ್ತೆ."

ಆ ಪೆಟ್ಟಿಗೆಯನ್ನು ನನಗಾಗಿ ಯಾರೂ ತೆರೆದಿರಲಿಲ್ಲ. ಇಸ್ತ್ರಿ ಹಾಕುತ್ತ ಅಜ್ಜಿಯ ಒಂದು ಕಥೆ ನೆನಪಾಯಿತು. ಇಲ್ಲೇ ಹೇಳಿಬಿಡುತ್ತೇನೆ, ಬಟ್ಟೆ ಬಿಸಿಯಿರುವಾಗಲೇ.

ಗಾಳಿರಾಯನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಕಡಲು ಕೊಟ್ಟ. ಚಿಕ್ಕವಳಿಗೆ ಕೊಡಲು ಏನೂ ಉಳಿದಿರಲಿಲ್ಲ, ಅಕ್ಕನ ಬಟ್ಟೆ ಒಣಗಿಸು ಎಂದ. ಚಿಕ್ಕವಳು ಕೇಳಿದಳು: ಅಕ್ಕ, ನಿನ್ನ ಕಡಲನ್ನು ಒಂದು ಸಲ ದಾಟಲೇ? ದೊಡ್ಡವಳು ಹೇಳಿದಳು: ದಾಟು, ಮೊದಲು ಬಟ್ಟೆ ಒಣಗಲಿ. ಒಂದು ಒಣಗುವಷ್ಟರಲ್ಲಿ ಇನ್ನೊಂದು ಒದ್ದೆ. ಒಂದು ದಿನ ಚಿಕ್ಕವಳು ಕೇಳಲೇ ಇಲ್ಲ. ದೊಡ್ಡ ದುಪ್ಪಟಿಯೊಂದರ ಎರಡು ತುದಿ ಹಿಡಿದಳು, ಮತ್ತೆ...

ಮತ್ತೆ ಅಜ್ಜಿಗೆ ನಿದ್ದೆ. ಪ್ರತಿ ಸಲವೂ ಅಲ್ಲೇ. "ದಾಟಿದ್ಲಾ ಅಜ್ಜಿ?" ಎಂದು ತೋಳು ಅಲುಗಿಸುತ್ತಿದ್ದೆ. "ಮಲಗು ಮಗಾ." ಅಕ್ಕ ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಳು. ಅವಳಿಗೆ ಕೊನೆ ಬೇಕಿರಲಿಲ್ಲ.

ಅಜ್ಜಿಗೆ ನಿಜವಾಗಿ ನಿದ್ದೆ ಬರುತ್ತಿತ್ತೋ, ಅಥವಾ ಮನೆ ಯಾರಿಗೆಂದು ಗೊತ್ತಿದ್ದವಳು ಅಲ್ಲಿಂದ ಮುಂದೆ ಹೇಳಲು ನಾಚುತ್ತಿದ್ದಳೋ.

೫

ನನ್ನ ಯೋಜನೆ ಸರಳ. ಅಕ್ಕ ಪಟ್ಟಣದಲ್ಲಿರುತ್ತಾಳೆ. ಡಾಕ್ಟರಮ್ಮ ಬಂದಳು, ಸುಖವಾಗಿದ್ದಾಳೆ ಎಂದು ಫೋನಿನಲ್ಲಿ ಹೇಳುವುದು. ಆ ವಾರ ನಾನೇ ಸಾಸ್ಕಿಯಾ.

ಆದರೆ ಅಕ್ಕ ಬಂದುಬಿಟ್ಟಳು, ವಾರವಿಡೀ ಇಲ್ಲೇ ಇರಲು. ಕಂಪನಿಯವರು ಆ ವಾರ ಮನೆ ನೋಡಲು ಬರುವವರಿದ್ದರು, ಒಳ್ಳೆಯ ಅತಿಥಿಗಳು ಕಣ್ಣಿಗೆ ಬೀಳಲಿ ಎಂದು ಅವಳ ಲೆಕ್ಕ. ಹೊಸ ಚಪ್ಪಲಿ ಹಾಕಿಕೊಂಡು, ಗುಲಾಬಿ ಸಿಹಿಯ ತಟ್ಟೆ ಹಿಡಿದು, ಹಡಗುಕಟ್ಟೆಯ ಮೇಲೆ ನಿಂತಳು. ಪಕ್ಕದಲ್ಲಿ ನಾನು, ಡಾಕ್ಟರಮ್ಮನ ಸಾಮಾನು ಹೊರಲು.

ಕಾಫಿ ಅಂಗಡಿಯ ನಿಕಿತಾಸ್ ಮಾವ ಕುರ್ಚಿಯಿಂದಲೇ ಕೂಗಿದ. "ಏನವ್ವಾ ಸೆವಸ್ತಿ, ನಿನ್ನ ಮದುವೆ ದಿಬ್ಬಣಕ್ಕೂ ಇಷ್ಟು ಹೊತ್ತು ನಿಂತಿರ್ಲಿಲ್ಲ ನೀನು."

"ಹಾಲೆಂಡಿಂದ ಬರ್ತಿದಾರೆ ಮಾವ."

"ಹಡಗಲ್ಲಿ ಬರ್ತಾಳೋ, ಹಲಗೆ ಮೇಲೆ ನಿಂತ್ಕೊಂಡೇ ಬರ್ತಾಳೋ?"

ಹಡಗು ಬಂತು. ಈರುಳ್ಳಿ ಮೂಟೆ ಇಳಿಯಿತು, ಒಂದು ಫ್ರಿಜ್ ಇಳಿಯಿತು, ಶಿಕ್ಷಕರೊಬ್ಬರು ಇಳಿದರು. ಹಡಗು ಹೋಯಿತು. ಅಕ್ಕನ ಕೈಯಲ್ಲಿದ್ದ ತಟ್ಟೆಯಿಂದ ಸಕ್ಕರೆ ಪುಡಿಯನ್ನೆಲ್ಲ ಗಾಳಿ ಊದಿಕೊಂಡು ಹೋಗಿತ್ತು.

ಈಗ ಬೈಗುಳ ಎಂದುಕೊಂಡೆ. ಕೈಕೊಟ್ಟ ಅತಿಥಿಗಳನ್ನು ಅಕ್ಕ ಹೇಗೆ ಶಪಿಸುತ್ತಾಳೆಂದು ನನಗೆ ಗೊತ್ತು. ಅವಳು ಖಾಲಿ ಕಡಲನ್ನು ನೋಡುತ್ತ ನಿಂತಳು.

"ಪಾಪ," ಎಂದಳು. "ಏನಾಯ್ತೋ ಏನೋ. ಒಂಟಿ ಹೆಂಗಸು. ವರ್ಷವಿಡೀ ಬೇರೆಯವರ ಬಾಯಿ ತೊಳೆದು ಒಂದು ವಾರ ಬಿಡುವು ಮಾಡ್ಕೊಂಡಿದ್ಲು. ಅದೂ ಇಲ್ಲ ಅಂದ್ರೆ ಆ ಜೀವಕ್ಕೆ ಹೆಂಗಾಗ್ಬೇಡ?"

ಏನು ಹೇಳಲಿ, ನೀವೇ ಹೇಳಿ.

"ಕೋಣೆ ಹಾಗೇ ಇರ್ಲಿ. ನಾಳೆ ಬರಬಹುದು. ಯಾರಿಗೂ ಕೊಡ್ಬೇಡ, ನೀನೂ ಸುಮ್‌ಸುಮ್ನೆ ಒಳಗೆ ಹೋಗಿ ಕೂರ್ಬೇಡ."

೬

ಹೀಗೆ, ನಾನು ಕಟ್ಟಿದ ಕಥೆ ನನ್ನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿತು.

ದಿನಾ ಬೆಳಗ್ಗೆ ಬೀಗ ತೆಗೆದು ಒಳಗೆ ಹೋಗುತ್ತೇನೆ. ಯಾರೂ ಮಲಗದ ಹಾಸಿಗೆಯ ಸುಕ್ಕು ಬಿಡಿಸುತ್ತೇನೆ. ಯಾರೂ ಕುಡಿಯದ ನೀರು ಬದಲಿಸುತ್ತೇನೆ. ತುಳಸಿಗೆ ನೀರು. ಸಾಸ್ಕಿಯಾ ಕಿಟಕಿಯ ಬಳಿ ಕೂತಿರುತ್ತಾಳೆ.

"ನಿಮ್ಮಕ್ಕ ಒಳ್ಳೆಯವಳಪ್ಪ," ಎನ್ನುತ್ತಾಳೆ.

"ಬಾಯಿ ಮುಚ್ಚು."

"ನಾನು ನಿಜವಾಗಿ ಬಂದಿದ್ರೆ ನಿನ್ನ ಹೆಸರು ಕೂಡ ಕೇಳ್ತಿರ್ಲಿಲ್ಲ. ಟವೆಲ್ ಎಲ್ಲಿ ಅಂತ ಕೇಳ್ತಿದ್ದೆ."

"ಗೊತ್ತು."

"ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು? ಅಕ್ಕಂಗೆ ಹೇಳು, ಸಾಸ್ಕಿಯಾ ಅಂದ್ರೆ ನಾನೇ ಅಂತ."

ಹೇಳಬಹುದು. ಹೇಳಿದರೆ ಕೊನೆ ಹೀಗಿರುತ್ತದೆ:

ಕೊನೆ ಅ. ಅಕ್ಕ ಕೇಳಿ ಬೆಪ್ಪಾಗುತ್ತಾಳೆ. ಅವಳ ಕಣ್ಣು ತುಂಬುತ್ತದೆ. "ಇಷ್ಟು ದಿನ ನಂಗೆ ಕಾಣ್ಲೇ ಇಲ್ವಲ್ಲೇ" ಎಂದು ತಬ್ಬಿಕೊಳ್ಳುತ್ತಾಳೆ. (ಇದನ್ನು ಬರೆಯುವಾಗ ನನಗೇ ನಗು ಬಂತು. ಅಕ್ಕ ತಬ್ಬಿಕೊಳ್ಳುವುದು ಸಾವಿನ ಮನೆಯಲ್ಲಿ ಮಾತ್ರ, ಅದೂ ಸಾಲಾಗಿ, ವಯಸ್ಸಿನ ಪ್ರಕಾರ.)

ಕೊನೆ ಆ. ನಾನು ಹಲಗೆ ಹತ್ತಿ ಕೊಲ್ಲಿ ದಾಟಿ, ಬಂಡೆ ದಾಟಿ, ದಿಗಂತದಲ್ಲಿ ಒಂದು ಚುಕ್ಕೆಯಾಗಿ ಮರೆಯಾಗುತ್ತೇನೆ. "ಮುಳುಗಿಸ್ತಾಳಂತೆ," ಎಂದು ಸಾಸ್ಕಿಯಾ ಮೂಗು ಮುರಿದಳು. "ಬರೆಯೋಕೆ ಬರದೇ ಇರೋರೆಲ್ಲ ಕಡೆಗೆ ಹೆಣ್ಣುಮಕ್ಕಳನ್ನ ನೀರಿಗೆ ಹಾಕ್ತಾರೆ." ಅವಳ ಮಾತು ಸರಿ. ಅಳಿಸಿದೆ.

ಕೊನೆ ಇ. ಅಜ್ಜಿಯ ಉಳಿದ ಕಥೆಗಳೆಲ್ಲ ಮುಗಿಯುತ್ತಿದ್ದದ್ದು ಒಂದೇ ಥರ: ಅವರು ಚೆನ್ನಾಗಿ ಬಾಳಿದರು, ನಾವು ಅವರಿಗಿಂತ ಚೆನ್ನಾಗಿ. ಈ "ನಾವು" ಎನ್ನುವವರು ಎಲ್ಲಿದ್ದಾರೆಂದು ಉಗ್ರಾಣದಲ್ಲಿ ಹುಡುಕಿದ್ದೇನೆ. ಹಾಯಿಗಳಿವೆ.

೭

ಇವತ್ತು ಆ ವಾರದ ಕೊನೆಯ ಬೆಳಗು. ಅಕ್ಕ ಇನ್ನೂ ಎದ್ದಿರಲಿಲ್ಲ. ದಿನಾ ತೊಳೆಯುವ ಹಲಗೆಗಳಲ್ಲಿ ಒಂದನ್ನು ನೀರಿಗೆ ಎಳೆದೆ.

ಕಲಿಸುವವರು ಇಷ್ಟು ವರ್ಷ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: ಗಾಳಿಗೆ ಬೆನ್ನು ಕೊಡು, ಹಗ್ಗ ಹಿಡಿ, ಮಂಡಿ ಬಗ್ಗಿಸು, ಎಳೆ. ನಮ್ಮೂರ ಹಳೆಯ ಮನೆಗಳೆಲ್ಲ ನಿಂತಿರುವುದು ಹಾಗೆಯೇ, ಗಾಳಿಗೆ ಬೆನ್ನು ಕೊಟ್ಟು. ನೀರು ಕುಡಿದ ಹಾಯಿ ಹೆಣದಷ್ಟು ಭಾರ. ಬಿದ್ದೆ. ಉಪ್ಪು ಕುಡಿದೆ. ಮತ್ತೆ ಬಿದ್ದೆ. ಎಷ್ಟೋ ಸಲ ಬಿದ್ದ ಮೇಲೆ ಹಾಯಿ ತನ್ನ ನೀರನ್ನೆಲ್ಲ ಸುರಿದು ಒಮ್ಮೆಲೇ ಹಗುರಾಗಿ ಎದ್ದಿತು, ಒಣಗಿದ ದುಪ್ಪಟಿಯ ಹಾಗೆ ಪಟಪಟ ಎಂದಿತು. ಹಲಗೆ ಹೊರಟಿತು. ಎಷ್ಟು ದೂರ? ನೀವು ದಡದಲ್ಲಿ ನಿಂತಿದ್ದರೆ ಹತ್ತಿರವೇ ಎನ್ನುತ್ತಿದ್ದಿರಿ.

ಅಲ್ಲಿಂದ ಮೇಲಿನ ಕೋಣೆಯ ಕಿಟಕಿ ಕಾಣಿಸಿತು. ಇಷ್ಟು ವರ್ಷ ಕಿಟಕಿಯಿಂದ ಕಡಲು ನೋಡಿದ್ದೆ. ಕಡಲಿನಿಂದ ನೋಡಿದರೆ ಅದು ತುಂಬ ಚಿಕ್ಕದು, ಒಂದು ತುಳಸಿ ಕುಂಡ ಹಿಡಿಸುವಷ್ಟು.

ವಾಪಸು ಬಂದೆ. ಹೊರಗಿನ ಮೆಟ್ಟಿಲು ಹತ್ತಿ, ಬೀಗ ತೆಗೆದು, ಒದ್ದೆ ಬಟ್ಟೆಯಲ್ಲೇ ಅಜ್ಜಿಯ ಕಸೂತಿಯ ಮೇಲೆ ಮಲಗಿದೆ. ಈಗ ಅಲ್ಲೇ ಇದ್ದೇನೆ. ನನ್ನ ಸುತ್ತ ಉಪ್ಪುನೀರಿನ ಕಲೆ ನಿಧಾನಕ್ಕೆ ಅಗಲವಾಗುತ್ತಿದೆ. ಇದನ್ನು ಒಗೆಯುವವರು ಯಾರೆಂದು ಯೋಚಿಸಬಾರದೆಂದು ಯೋಚಿಸುತ್ತಿದ್ದೇನೆ. ಸಾಸ್ಕಿಯಾ ಕುರ್ಚಿಯಿಂದ ಎದ್ದಿದ್ದಾಳೆ, ಹೊರಡುವವಳ ಹಾಗೆ.

ಕೆಳಗೆ ಕಾಫಿಯ ವಾಸನೆ. ಅಕ್ಕನ ಹೊಸ ಚಪ್ಪಲಿಯ ಸದ್ದು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು.

"ಫೋತಿನಿ, ಮೆಟ್ಟಿಲ ಮೇಲೆಲ್ಲ ಒದ್ದೆ ಹೆಜ್ಜೆ." ಅವಳ ದನಿಯಲ್ಲಿ ಖುಷಿಯಿತ್ತು. ನನ್ನ ಹೆಸರಿನ ಜೊತೆ ಆ ಖುಷಿಯನ್ನು ನಾನು ಕೇಳಿರಲಿಲ್ಲ. "ಬಂದ್ಲೇನೇ?"

"ದಾಟಿದ್ಲಾ ಅಜ್ಜಿ?" ಎಂದು ಕೇಳಿದಾಗ ಅಜ್ಜಿ ಏನು ಮಾಡುತ್ತಿದ್ದಳೆಂದು ನಿಮಗೆ ಆಗಲೇ ಹೇಳಿದ್ದೇನೆ. ನಾನು ಕಣ್ಣು ಮುಚ್ಚಿಕೊಂಡಿದ್ದೇನೆ. ನಿದ್ದೆಯಂತೂ ಬರುತ್ತಿಲ್ಲ. ಅಕ್ಕ ಮೆಟ್ಟಿಲು ಹತ್ತುತ್ತಿದ್ದಾಳೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ.