ಬೆಳಿಗ್ಗೆ ನಲವತ್ತು, ಸಂಜೆ ನಲವತ್ತು

ಮಾವನ ಕತ್ತರಿಯನ್ನು ಸೊಸೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಕ್ಕೆ ಕಾರಣವಿತ್ತು.

ಮಾವ ಬದುಕಿಡೀ ಟೈಲರ್. ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪದಾದ ಮೇಲೆ ಅಂಗಡಿ ಮುಚ್ಚಿ ಮಗನ ಮನೆಗೆ ಬಂದರು. ಮಗ ಬೆಳಗಾಗುತ್ತಲೇ ಬಸ್ಸು ಓಡಿಸಲು ಹೋಗುವವನು. ಮನೆಯ ಹಿಂದೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರದಡಿ ಸೊಸೆಯ ನರ್ಸರಿ. ಕೈಕಟ್ಟಿ ಕೂರುವ ಜಾಯಮಾನ ಮಾವನದಲ್ಲ. ಬಂದ ವಾರದಲ್ಲೇ, ಮೊಗ್ಗು ಕಟ್ಟಿ ನಿಂತ ಅರವತ್ತು ಕುಂಡದ ಸೇವಂತಿಗೆ ಅವರ ಕಣ್ಣಿಗೆ ಬಿತ್ತು. ಒಂದು ಎತ್ತರ, ಒಂದು ತಗ್ಗು. ಅಂಚು ಸರಿಯಿಲ್ಲದ ಬಟ್ಟೆಯನ್ನು ಜನ್ಮದಲ್ಲಿ ಗಿರಾಕಿಯ ಕೈಗೆ ಕೊಟ್ಟವರಲ್ಲ ಅವರು. ಕತ್ತರಿ ತಂದು, ಪ್ಯಾಂಟಿನ ಕಾಲು ಸಮ ಮಾಡಿದ ಹಾಗೆ, ಅರವತ್ತನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿಬಿಟ್ಟರು. ಮೊಗ್ಗೆಲ್ಲ ನೆಲದ ಪಾಲಾಯಿತು. "ನೋಡಮ್ಮ, ಈಗ ಹೇಗೆ ಕಾಣ್ತಿದೆ!" ಎಂದು ಸೊಸೆಯನ್ನು ಕರೆದು ತೋರಿಸಿದರು ಬೇರೆ. ಸೊಸೆ ನೋಡಿದಳು. ನೆಲದ ಮೇಲಿನ ಮೊಗ್ಗನ್ನೆಲ್ಲ ಮೊರಕ್ಕೆ ಬಳಿದುಕೊಂಡು ಒಳಗೆ ಹೋದಳು.

ಈ ಸಲ ಹಾಗಾಗುವಂತಿರಲಿಲ್ಲ. ಹೂವಿನಂಗಡಿಯಾಕೆ ನಾನೂರು ಕುಂಡ ಕೇಳಿದ್ದಳು, ಜೊತೆಗೊಂದು ಷರತ್ತು: ಕುಂಡವೂ ಸೇರಿ ಗಿಡ ಹದಿನಾಲ್ಕು ಅಂಗುಲ ದಾಟಬಾರದು. ಅವಳ ವ್ಯಾನಿನೊಳಗೆ ಹಲಗೆಯಿಂದ ಹಲಗೆಗೆ ಇರುವ ಜಾಗವೇ ಅಷ್ಟು. ಹೋದ ವರ್ಷ ಸೊಸೆಯ ಗಿಡಗಳು ಸೂರು ಮುಟ್ಟುವ ಉಮೇದಿನಲ್ಲಿ ಬೆಳೆದು, ವ್ಯಾನು ಹತ್ತಲಾರದೆ ಮನೆಯಲ್ಲೇ ಉಳಿದಿದ್ದವು. "ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ" ಎಂದು ಹೇಳಿಯೇ ಹೋಗಿದ್ದಳು. ಅಷ್ಟು ಕುಂಡ ಕೊಳ್ಳುವವರು ಇನ್ನಾರೂ ಇಲ್ಲ. ಇವಳು ಕೈಬಿಟ್ಟರೆ ಚಪ್ಪರ ಬಿಚ್ಚಿಡುವುದೊಂದೇ ದಾರಿ. ಅದಕ್ಕೇ ಸೊಸೆ ಗಿಡ ಎಳೆಯದಾಗಿರುವಾಗಲೇ ತುದಿ ಚಿವುಟಿ ಕವಲೊಡೆಸಿದಳು. ಬೆಳವಣಿಗೆ ತಡೆಯುವ ಔಷಧಿಯನ್ನೂ ಸಿಂಪಡಿಸಿದಳು. ಹೆಚ್ಚಾದರೆ ಗಿಡ ಎಲೆಕೋಸಿನ ಹಾಗೆ ಮುದುಡಿ ಕೂರುತ್ತದೆಂದು ಹೆದರಿ, ಸೀಸೆಯ ಮೇಲೆ ಬರೆದಿದ್ದರಲ್ಲಿ ಅರ್ಧ ಮಾತ್ರ.

ಗಿಡ ತಡೆಯಲು ಔಷಧಿಯಿದೆ, ಮಾವನನ್ನು ತಡೆಯಲು ಯಾವ ಅಂಗಡಿಯಲ್ಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೊಸೆ ಎರಡು ದಿನ ಯೋಚಿಸಿದಳು.

"ಮಾವ, ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತಲ್ಲ. ಈ ಗಿಡಗಳ ತಲೆ ಮೇಲೆ ಮೆತ್ತಗೆ ಸವರ್ಬೇಕು. ಬೆಳಿಗ್ಗೆ ನಲವತ್ತು ಸಲ, ಸಂಜೆ ನಲವತ್ತು ಸಲ. ಲೆಕ್ಕ ಮಾತ್ರ ತಪ್ಪಬಾರದು. ಹಾಗೆ ಮಾಡಿದ್ರೆ ಗಿಡ ಗಿಡ್ಡಕ್ಕೇ ಇರುತ್ತಂತೆ."

"ಯಾರು ಹೇಳಿದ್ದು?"

"ಹೇಳ್ತಾರಪ್ಪ," ಎಂದಳು ಸೊಸೆ. ಹಾಗೆ ಹೇಳುವವರು ಸದ್ಯಕ್ಕೆ ಅವಳೊಬ್ಬಳೇ.

ಮಾವ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡು, "ಆಗ್ಲಿ. ಯಾವ ಕಡೆಯಿಂದ ಶುರು ಮಾಡ್ಲಿ?" ಎಂದರು.

ಉದ್ದನೆಯ ಕೋಲಿಗೆ ಹಳೆಯ ಬೆಡ್‌ಶೀಟು ಸುತ್ತಿ, ಬಿಚ್ಚದಂತೆ ಹೊಲಿಗೆ ಹಾಕಿ, ಮಾವ ಕೆಲಸಕ್ಕೆ ನಿಂತರು. ಸಾಲಿನ ಮೇಲೆ ಕೋಲು ಹೋಗುವುದು, ಗಿಡಗಳೆಲ್ಲ ತಲೆಬಾಗಿ ಏಳುವುದು. ಎಣಿಕೆ ಇಡೀ ಮನೆಗೆ ಕೇಳುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಮುಗಿಯಿತು, ಮತ್ತೆ ಒಂದರಿಂದ ಶುರು. ಭಾನುವಾರ ಬಂದರೆ ಟೇಪಿನಲ್ಲಿ ಗಿಡ ಅಳೆದು, ಚಪ್ಪರದ ಕಂಬದ ಮೇಲೆ ಟೈಲರ್ ಸೀಮೆಸುಣ್ಣದಲ್ಲಿ ಒಂದು ಗೆರೆ. ಕತ್ತರಿಯ ಸುದ್ದಿಯೇ ಇಲ್ಲ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಳು ಸೊಸೆ.

ಬೆನ್ನು ತಟ್ಟಿಕೊಂಡು ಸುಮ್ಮನಿದ್ದರೆ ಚೆನ್ನಾಗಿತ್ತು. ಐದನೇ ವಾರ ಅಡುಗೆಮನೆಯಲ್ಲಿ ನಿಂತು ತಂಗಿಗೆ ಫೋನು ಮಾಡಿದಳು. "ಮಗು ಕೈಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟಿದೀನಿ ಕಣೆ. ದಿನಾ ಎರಡು ಹೊತ್ತು ಗಿಡಗಳ ತಲೆ ಸವರ್ತಾರೆ. ಇನ್ನು ಜೋಗುಳ ಒಂದು ಬಾಕಿ!" ನಗುತ್ತಾ ತಿರುಗಿದರೆ ಬಾಗಿಲಲ್ಲಿ ಮಾವ, ಕೈಯಲ್ಲಿ ಖಾಲಿ ತಂಬಿಗೆ. ನೀರು ತುಂಬಿಸಿಕೊಂಡರು, ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಎಣಿಕೆ ಕೇಳಲಿಲ್ಲ. "ಕೈ ನೋವು" ಎಂದು ಮಾವ ಗೋಡೆ ಕಡೆ ತಿರುಗಿ ಮಲಗಿದರು. ಸೊಸೆಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಆದರೂ ಕ್ಷಮೆ ಕೇಳುವುದನ್ನು ಇವತ್ತು, ನಾಳೆ ಎಂದು ಮುಂದೂಡಿದಳು.

ಒಂಬತ್ತು ದಿನ ಕಳೆಯಿತು. ಗಿಡಗಳು ಮೂರು ಬೆರಳು ಮೇಲೆದ್ದಿದ್ದವು. ಸೆಕೆಯನ್ನು ಬೈದಳು, ಔಷಧಿಯನ್ನು ಬೈದಳು. ಆಮೇಲೆ ಕಂಬದ ಮೇಲಿನ ಗೆರೆಗಳು ಕಂಡವು. ಐದು ಗೆರೆ, ಒಂದಕ್ಕೊಂದು ಒತ್ತಿಕೊಂಡಂತೆ. ಸೀಮೆಸುಣ್ಣ ತೆಗೆದುಕೊಂಡು ಇವತ್ತಿನ ಎತ್ತರಕ್ಕೆ ತಾನೊಂದು ಗೆರೆ ಎಳೆದಳು. ಅದು ಎಲ್ಲೋ ಮೇಲೆ ಹೋಗಿ ಕೂತಿತು. ಕೈಗಿರಲಿ ಎಂದು ಹೆಚ್ಚಾಗಿ ಬೆಳೆಸಿದ ಹನ್ನೆರಡು ಕುಂಡ ಕಂಬದ ಹಿಂದಿನ ಮೂಲೆಯಲ್ಲಿದ್ದವು. ಮಾವನ ಕೋಲು ಅಲ್ಲಿಗೆ ಎಟುಕುತ್ತಿರಲಿಲ್ಲ. ಅವಕ್ಕೂ ಅದೇ ಔಷಧಿ, ಅದೇ ನೀರು, ಆದರೂ ಮೊದಲಿನಿಂದಲೂ ಉಳಿದವಕ್ಕಿಂತ ಒಂದು ಗೇಣು ಎತ್ತರ. ದಿನಾ ನೋಡಿದ್ದಳು, ಯಾಕೆಂದು ಕೇಳಿಕೊಂಡಿರಲಿಲ್ಲ. ತಾನು ಹುಟ್ಟಿಸಿದ ಸುಳ್ಳು ನಿಜವಾಗಿ ನಿಂತಿದ್ದನ್ನು ಕಂಡು ಸೊಸೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ಮಾವ, ಗಿಡ ಬೆಳೀತಿವೆ," ಎಂದಳು ಅವರ ಕೋಣೆಗೆ ಹೋಗಿ.

"ಬೆಳೀಲಿ. ಜೋಗುಳ ಹಾಡೋರಿಲ್ಲ, ಪಾಪ."

"ತಪ್ಪಾಯ್ತು ಮಾವ. ನಿಮ್ಮನ್ನ ದೂರ ಇಡೋಕೆ ನಾನೇ ಹುಟ್ಟಿಸಿದ ಕೆಲಸ ಅದು. ಆದ್ರೆ ಗಿಡ ತಡೆದಿದ್ದು ಔಷಧಿ ಅಲ್ಲ, ನೀವೇ. ಈಗ ನೀವು ಬರ್ದಿದ್ರೆ ಒಂದೂ ವ್ಯಾನು ಹತ್ತಲ್ಲ."

ಮಾವ ಎದ್ದು ಕೂತರು. "ಹುಟ್ಟಿಸಿದ್ದು ಅಂತ ಮೊದಲ ದಿನವೇ ಗೊತ್ತಿತ್ತು ಕಣಮ್ಮ. ಅಂಗಡಿಗೆ ಕೆಲಸ ಕಲಿಯೋಕೆ ಯಾರೇ ಬರ್ಲಿ, ಮೊದಲ ತಿಂಗಳು ಡಬ್ಬಿ ಗುಂಡಿ ಸುರಿದು, ಬಣ್ಣ ಬಣ್ಣ ಬೇರೆ ಮಾಡು ಅಂತಿದ್ದೆ. ಅವರು ಹೋದ್ಮೇಲೆ ನಾನೇ ಮತ್ತೆ ಬೆರೆಸಿಡ್ತಿದ್ದೆ."

"ಗೊತ್ತಿದ್ದೂ ಯಾಕೆ ಮಾಡಿದ್ರಿ?"

"ಕೆಲಸ ಅಂದ್ಮೇಲೆ ಮಾಡೋದಪ್ಪ. ಆದ್ರೆ ಒಂದು ಮಾತು. ಅವರು ಗುಂಡಿ ಆರಿಸ್ತಾ ಕೂತಾಗ ನಾನು ಯಾವತ್ತೂ ನಕ್ಕಿಲ್ಲ."

ಸೊಸೆಗೆ ಕಣ್ಣು ತುಂಬಿ ಬಂತು.

"ಅಳೋಕೆ ಆಮೇಲೆ ಪುರುಸೊತ್ತು ಮಾಡ್ಕೋ," ಎಂದರು ಮಾವ, ಕೋಲು ಹುಡುಕುತ್ತಾ. "ಆ ಸಾಲು ನಿಂದು, ಈ ಸಾಲು ನಂದು. ಬಾಯಿಬಿಟ್ಟು ಎಣಿಸು." ಹತ್ತು ಎಣಿಸುವಷ್ಟರಲ್ಲಿ ಗದರಿದರು: "ಅದೇನು ಸವರ್ತಿದೀಯೋ, ಧೂಳು ಹೊಡೀತಿದೀಯೋ?"

ಮೊಗ್ಗು ಬಣ್ಣ ಕಾಣಿಸುವವರೆಗೆ ಇಬ್ಬರೂ ಸವರಿದರು. ವ್ಯಾನು ಬಂದ ದಿನ ಹೂವಿನಂಗಡಿಯಾಕೆ ಅಳತೆಕೋಲು ಹಿಡಿದು ಒಂದೊಂದೇ ಕುಂಡ ಒಳಗಿಟ್ಟಳು. ಹೂವಿಗೂ ಮೇಲಿನ ಹಲಗೆಗೂ ನಡುವೆ ಒಂದು ಬೆರಳು ಜಾಗ. ನಾನೂರೂ ಹತ್ತಿದವು.

"ಯಾವ ಔಷಧಿ ಹೊಡೆದ್ರಿ?" ಎಂದಳು.

"ನಮ್ಮ ಮಾವ ದಿನಾ ತಲೆ ಸವರಿದ್ರು."

ಆಕೆ ತಮಾಷೆಯೆಂದುಕೊಂಡು ಜೋರಾಗಿ ನಕ್ಕಳು. ಸೊಸೆ ನಗಲಿಲ್ಲ.

ವ್ಯಾನು ಹೋಯಿತು. ಮೂಲೆಯ ಹನ್ನೆರಡು ಉದ್ದ ಗಿಡಗಳು ಉಳಿದವು. ಮಾವ ಅವನ್ನು ನೋಡುತ್ತಾ ಕೈ ಚಾಚಿದರು. "ಗುಂಡಿ ಆರಿಸಿ ಮುಗೀತು. ಕತ್ತರಿ ಕೊಡು."

"ಯಾವ ಕತ್ತರಿ ಮಾವ?"

"ಅಕ್ಕಿ ಡಬ್ಬೀಲಿರೋದು."

ಸೊಸೆ ತಂದುಕೊಟ್ಟಳು, ಹೂಬಿಟ್ಟ ಹನ್ನೆರಡು ಗಿಡಗಳನ್ನು ನೋಡಿ ಉಸಿರು ಬಿಗಿಹಿಡಿದಳು. ಮಾವ ಕತ್ತರಿಯ ಅಲಗು ಒರೆಸಿ, ಹಿಡಿಯನ್ನು ತಿರುಗಿಸಿ ಅವಳತ್ತಲೇ ನೀಡಿದರು.

"ಗುಂಡಿ ಆರಿಸಿದವರಿಗೆ ಆಮೇಲೆ ಎಲ್ಲಿ ಕತ್ತರಿಸ್ಬೇಕು ಅಂತ ಹೇಳ್ಕೊಡ್ತಿದ್ದೆ," ಎಂದರು. "ಹೇಳ್ಕೊಡು."

ಸೊಸೆ ಅವರ ಪಕ್ಕದಲ್ಲಿ ಕೂತಳು. "ಮೊದಲನೇದು ಮಾವ, ಮೊಗ್ಗಿದ್ದಾಗ ಮುಟ್ಟಬಾರದು."

"ಅದೊಂದು ಗೊತ್ತಾಗಿದೆ," ಎಂದರು ಮಾವ. "ಎರಡನೇದು ಹೇಳು."