ಒಂದು ಚೆಂಡು ಮಲ್ಲಿಗೆ

ಪ್ರೇಮನಾಥನಿಗೆ ಲೋಕಲ್ ರೈಲು ಹತ್ತಿದರೆ ಸಾಕು, ನಿದ್ದೆ. ಕೂರಲು ಜಾಗ ಸಿಕ್ಕಿಬಿಟ್ಟರೆ ಬಾಯಿ ತೆರೆದು ನಿದ್ದೆ. ಮುಂಬಯಿಯಿಂದ ಡೊಂಬಿವಲಿಗೆ ಮರಳುವಾಗ ಅವನು ಜನರಲ್ ಡಬ್ಬಿಯಲ್ಲಿ, ಸ್ವರ್ಣಲತಾ ಹೆಂಗಸರ ಡಬ್ಬಿಯಲ್ಲಿ. ಠಾಣೆ ಬಿಟ್ಟು ಪಾರಸಿಕ್ ಸುರಂಗ ದಾಟಿದ ಕೂಡಲೇ ಅವಳು ಒಂದು ಮಿಸ್ಡ್ ಕಾಲ್ ಕೊಡಬೇಕು. ಅಂಗಿಯ ಜೇಬಿನಲ್ಲಿ ಫೋನು ಗುರುಗುಟ್ಟಿದರೆ ಅವನು ಎಚ್ಚರಾಗಿ ಬಾಗಿಲಿನ ಕಡೆ ನುಗ್ಗುತ್ತಾನೆ. ಒಮ್ಮೆ ಅವಳು ಪಕ್ಕದವಳ ಜೊತೆ ಮಾತಿಗೆ ಕೂತು ಮರೆತಳು. ಅವನು ಕಣ್ಣು ಬಿಟ್ಟಾಗ ಡೊಂಬಿವಲಿ ಎಲ್ಲೋ ಹಿಂದೆ, ಎದುರಿಗೆ ಬದಲಾಪುರ. ಆ ಮಾತನ್ನು ಅವನು ಎರಡು ವರ್ಷ ಆಡಿದ.

ಬೇರೆಯವರು ಆಡಿದ್ದನ್ನು ಮರೆಯುವ ಜಾತಿಯೇ ಅಲ್ಲ ಅವನದು. ಮಗಳು ಶರ್ಮಿಳಾಳ ಮದುವೆಯಲ್ಲಿ, ಠಾಣೆಯ ಕಲ್ಯಾಣ ಮಂಟಪದಲ್ಲಿ, ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಸ್ವರ್ಣಲತಾಳ ಅಣ್ಣ ತಾರಾನಾಥ ನಗುತ್ತಾ ಒಂದು ಮಾತು ಹೇಳಿದ್ದ: "ನಮ್ಮ ಭಾವ ಮುಂಬಯಿಗೆ ಬಸ್ಸು ಹತ್ತಿದ್ದು ನನ್ನ ಚಪ್ಪಲಿ ಹಾಕಿಕೊಂಡು. ಇನ್ನೂ ವಾಪಸು ಕೊಟ್ಟಿಲ್ಲ ಮಾರಾಯ್ರೆ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಡೊಂಬಿವಲಿಯ ಕಾರ್ಖಾನೆಗಳ ಎಂಐಡಿಸಿಯಲ್ಲಿ ಎರಡು ಹೋಟೆಲು ಕಟ್ಟಿದ ಪ್ರೇಮನಾಥ ನಗಲಿಲ್ಲ. ಅವತ್ತು ರಾತ್ರಿ ಹೆಂಡತಿಗೆ ಹೇಳಿದ: "ಆ ಮನೆಯ ಅಂಗಳಕ್ಕೆ ಇನ್ನು ನನ್ನ ಕಾಲಿಲ್ಲ. ನಿನ್ನ ಕಾಲೂ ಇಲ್ಲ."

ಅದಾಗಿ ಹನ್ನೊಂದು ವರ್ಷ. ನಡುವೆ ಅಣ್ಣನಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ಸ್ವರ್ಣಲತಾ ಅದನ್ನು ಕೇಳಿದ್ದು ಫೋನಿನಲ್ಲಿ, ಅತ್ತಿದ್ದು ಬಚ್ಚಲಲ್ಲಿ.

2017ರಲ್ಲಿ ಅಪ್ಪ ಅಮ್ಮನ ಮದುವೆಗೆ ಮೂವತ್ತೈದು ತುಂಬಿತೆಂದು ಕೋಪರಖೈರಣೆಯಲ್ಲಿದ್ದ ಶರ್ಮಿಳಾ ಹಡಗಿನ ಟಿಕೇಟು ತೆಗೆಸಿದಳು. "ಮಮ್ಮಿ, ದೇಖ್ ನಾ. ಮುಂಬೈ, ಮಂಗಳೂರು, ಕೊಚ್ಚಿ, ವಾಪಸ್ ಮುಂಬೈ. ಮಂಗಳೂರಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದು." ಹೇಳುತ್ತಾ ಅವಳು ಅಮ್ಮನ ಮುಖವನ್ನೇ ನೋಡಿದಳು. ಅಣ್ಣನ ಮನೆ ಇರುವುದು ಸುರತ್ಕಲ್ ಪಕ್ಕದ ಕುಳಾಯಿಯಲ್ಲಿ, ಬಂದರಿನಿಂದ ಆಟೋದಲ್ಲಿ ಹತ್ತು ನಿಮಿಷ.

ಸ್ವರ್ಣಲತಾ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಚಹಾ ಕುಡಿಯುತ್ತಾ ಪ್ರೇಮನಾಥನೇ ಹೇಳಿದ: "ನಾನು ಇಳಿಯುದಿಲ್ಲ. ನೀನು ಇಳಿ. ಹೋಗಿ ನೋಡು, ನಾಲ್ಕು ಗಂಟೆಗೆ ಬಂದು ಹತ್ತು."

"ನಿಜವಾಗಿಯೂ?"

"ಎಂತ ನಿಜವಾಗಿಯೂ? ಮಾತು ಕೊಟ್ಟೆ ಅಂದ್ರೆ ಕೊಟ್ಟೆ."

ಆ ಸಂಜೆ ಅವಳು ಫಡಕೆ ರಸ್ತೆಗೆ ಹೋಗಿ ಒಂದು ಕಿಲೋ ಖಾರದ ತಿಂಡಿ ಬಾಕರವಡಿ ತಂದಳು. ಮುಂಬಯಿಗೆ ಬಂದಾಗಲೆಲ್ಲ ಅಣ್ಣ ಅದನ್ನು ಪೊಟ್ಟಣ ಹರಿದು ನಿಂತಲ್ಲೇ ತಿನ್ನುತ್ತಿದ್ದ. ಮನೆಗೆ ಬಂದವಳು ಅತ್ತಿಗೆಗೆ ಫೋನು ಮಾಡಿದಳು. ಮನೆಯವರೆಗೆ ಹೋಗಿ ಬರುವ ಹೊತ್ತು ಯಾಕೆ ಹಾಳು, ಅಣ್ಣನನ್ನು ಕಾರಿನಲ್ಲಿ ಬಂದರಿನ ಗೇಟಿಗೇ ಕರೆದುಕೊಂಡು ಬರುತ್ತೇನೆ ಎಂದಳು ಅತ್ತಿಗೆ.

ಹಡಗಿನಲ್ಲಿ ಅವರಿಗೆ ಸಿಕ್ಕಿದ್ದು ಒಳಗಿನ ಕೋಣೆ. ಕಿಟಕಿ ಇಲ್ಲ. ಕಿಟಕಿಯ ಬದಲು ಒಂದು ಟೀವಿ, ಅದರಲ್ಲಿ ಒಂದು ಚಾನೆಲ್ಲಿನ ತುಂಬ ಹಡಗಿನ ಮುಂದಿರುವ ಕಡಲು. ಟೀವಿ ಆರಿಸಿದರೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಮೊದಲ ದಿನವೇ ಊಟದ ಹಾಲಿನಲ್ಲಿ ಕನ್ನಡ ಕೇಳಿಸಿ ಸ್ವರ್ಣಲತಾ ತಿರುಗಿ ನೋಡಿದಳು. ಠಾಣೆಯವರು, ನಂಜುಂಡ ಮತ್ತು ಪಂಕಜಾ. ಮೂಲ ಮೈಸೂರು. ಪಂಕಜಾ ಐದು ನಿಮಿಷದೊಳಗೆ ತನ್ನ ಮೊಣಕಾಲು ನೋವಿನ ಕತೆಯನ್ನೂ ಸೊಸೆಯ ಕತೆಯನ್ನೂ ಹೇಳಿ ಮುಗಿಸಿದ್ದಳು.

ಎರಡನೆಯ ದಿನ ಹಡಗು ತೂಗತೊಡಗಿತು. ಕೇರಳದ ಕೆಳಗೆ ಓಖಿ ಎಂಬ ಚಂಡಮಾರುತ ಎದ್ದಿದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಸಂಜೆ ಧ್ವನಿವರ್ಧಕದಲ್ಲಿ ಇಂಗ್ಲಿಷು, ಆಮೇಲೆ ಹಿಂದಿ: ಗಾಳಿ ಜೋರಿದೆ, ನಾಳೆ ಮಂಗಳೂರಿನಲ್ಲಿ ನಿಲ್ಲುವುದು ಸಾಧ್ಯವಾಗಲಿಕ್ಕಿಲ್ಲ, ಪ್ರಯಾಣಿಕರ ಕ್ಷಮೆ ಕೋರುತ್ತೇವೆ.

ಸ್ವರ್ಣಲತಾ ಮಂಚದ ಅಂಚು ಹಿಡಿದು ಕೂತಳು. ಹೊಟ್ಟೆ ತೊಳಸುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ, ಅತ್ತಿಗೆಗೆ ತಿಳಿಸುವ ಹಾಗೂ ಇಲ್ಲ.

"ಗಾಳಿಗೆ ಯಾರು ಎಂತ ಮಾಡ್ಲಿಕ್ಕಾಗ್ತದೆ?" ಎಂದ ಪ್ರೇಮನಾಥ. ಬೆನ್ನು ಸವರಿದ. ಎಲ್ಲಿಂದಲೋ ನಿಂಬೆಹಣ್ಣು ತಂದು ಮೂಸಲು ಕೊಟ್ಟ. ಹಡಗಿನ ಡಾಕ್ಟರ ಹತ್ತಿರ ಹೋಗಿ ವಾಂತಿ ನಿಲ್ಲುವ ಗುಳಿಗೆಯ ಪಟ್ಟಿಯನ್ನೇ ತಂದ, ಬಿಡಿಸಿ ಬಾಯಿಗೆ ಹಾಕಿ ನೀರು ಕುಡಿಸಿದ. "ಫೋನು ಕೊಡು, ಆಫ್ ಮಾಡಿ ಇಡ್ತೇನೆ. ಸಿಗ್ನಲ್ ಹುಡುಕಿ ಹುಡುಕಿ ಚಾರ್ಜ್ ಖಾಲಿ ಆಗ್ತದೆ." ಮೂವತ್ತೈದು ವರ್ಷದಲ್ಲಿ ಅವನು ಇಷ್ಟು ಉಪಚಾರ ಮಾಡಿದ್ದು ಹೆರಿಗೆಯ ಹೊತ್ತಿನಲ್ಲಿ ಮಾತ್ರ. ಅಣ್ಣನನ್ನು ನೋಡಲಾಗದ ದುಃಖದ ನಡುವೆಯೂ ಅವಳಿಗೆ ಗಂಡನ ಮೇಲೆ ಅಕ್ಕರೆ ಉಕ್ಕಿತು.

ಅವಳಿಗೆ ಎಚ್ಚರವಾದಾಗ ತಲೆ ಹತ್ತಿಯ ಮೂಟೆಯಂತಿತ್ತು. ದೀಪ ಉರಿಯುತ್ತಿತ್ತು, ಟೀವಿ ಆರಿತ್ತು.

"ಗಂಟೆ ಎಷ್ಟು?"

"ಮೂರೂವರೆ. ಮಧ್ಯಾಹ್ನ."

"ಮಂಗಳೂರು?"

"ಎಂತ ಮಂಗಳೂರು? ನಿನ್ನೆ ಹೇಳಿದ್ರಲ್ಲ. ದಾಟಿ ಆಯ್ತು."

ಅವಳು ಅಳಲಿಲ್ಲ. ಬಾಕರವಡಿಯ ಪೊಟ್ಟಣವನ್ನು ಚೀಲದ ಅಡಿಗೆ ತಳ್ಳಿ ಮೇಲೆ ಸೀರೆ ಇಟ್ಟಳು.

ಸಂಜೆ ಊಟದ ಹಾಲಿಗೆ ಹೋದಾಗ ಮೊದಲು ಬಂದದ್ದು ಪರಿಮಳ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಸಿಗುವ ಗಜರೆ ಹೂಮಾಲೆಯ ವಾಸನೆಯಲ್ಲ ಅದು. ಅವಳ ಕಾಲು ತಾನಾಗಿಯೇ ನಿಂತಿತು. ಎದುರಿನ ಮೇಜಿನಲ್ಲಿ ಪಂಕಜಾ ಕೂತಿದ್ದಳು. ಮುಡಿಯಲ್ಲಿ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ, ಬೆರಳ ತುದಿಯಷ್ಟೇ ಮೊಗ್ಗಿನ ಮಲ್ಲಿಗೆ.

"ಬನ್ನಿ ಬನ್ನಿ! ಹೇಗಿದೀರಿ ಈಗ? ಬೆಳಿಗ್ಗೆ ಇಳಿಯೋವಾಗ ನಿಮ್ಮ ಯಜಮಾನ್ರು ಸಿಕ್ಕಿದ್ರು. ಅವಳಿಗೆ ತುಂಬಾ ಸುಸ್ತು, ಬರೋದಿಲ್ಲ ಅಂದ್ರು. ಅಯ್ಯೋ ಪಾಪ ಅನ್ನಿಸ್ತು ಕಣ್ರೀ."

ಸ್ವರ್ಣಲತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಪ್ರೇಮನಾಥ ತಟ್ಟೆ ತರುವ ನೆಪದಲ್ಲಿ ಆಗಲೇ ಅತ್ತ ಹೋಗಿದ್ದ.

"ಹೂವು ಚೆಂದ ಉಂಟು," ಎಂದಳು.

"ಅದೊಂದು ದೊಡ್ಡ ಕತೆ! ನಿಮ್ಮೂರಿನೋರು ಭಾರಿ ಘಾಟಿ. ಹೂವಿನವಳಿಗೆ ಮೊಳಕ್ಕೆ ಎಷ್ಟಮ್ಮ ಅಂದೆ. ಮೊಳ ಇಲ್ಲ, ಚೆಂಡು ಅಂದ್ಲು. ನಂಗೆ ಚೆಂಡು ಹೂ ಬೇಡಮ್ಮ, ಮಲ್ಲಿಗೆ ಬೇಕು ಅಂದೆ. ಇದು ಮಲ್ಲಿಗೆಯೇ, ಚೆಂಡು ಅಂತಾಳೆ. ಚೆಂಡು ಹೂವಿಗೂ ಮಲ್ಲಿಗೆಗೂ ವ್ಯತ್ಯಾಸ ಗೊತ್ತಿಲ್ವೇನೇ ನಿಂಗೆ ಅಂತ ನಾನು!"

"ಹತ್ತು ನಿಮಿಷ ಇಬ್ರೂ ಕನ್ನಡದಲ್ಲೇ ಜಗಳ," ಎಂದ ನಂಜುಂಡ. "ಕೊನೆಗೆ ಆಟೋದವನು ಬಂದು ಬಿಡಿಸ್ದ. ಚೆಂಡು ಅಂದ್ರೆ ಅಲ್ಲಿ ಅಳತೆಯಂತೆ ಮೇಡಂ!"

"ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ," ಎಂದಳು ಸ್ವರ್ಣಲತಾ ಮೆಲ್ಲಗೆ. ಅವಳ ಮದುವೆಗೆ ಅಣ್ಣ ನಸುಕಿನಲ್ಲೇ ಸೈಕಲ್ಲು ತುಳಿದು ಹತ್ತು ಅಟ್ಟೆ ತಂದಿದ್ದ. "ಎಲ್ಲಿ ತಗೊಂಡದ್ದು?"

"ಪೋರ್ಟಿನ ಗೇಟಿಂದ ಹೊರಗೆ ಬರ್ತಿದ್ದ ಹಾಗೇ. ಇನ್ನೆಲ್ಲಿ ಹೋಗೋಕೆ ಟೈಮಿತ್ತು ಹೇಳಿ? ಬೆಳಿಗ್ಗೆ ಗಾಳಿ ಕಮ್ಮಿಯಾಯ್ತು, ನಿಲ್ಲಿಸ್ತೀವಿ ಅಂದ್ರು. ಒಂಬತ್ತರಿಂದ ಒಂದು, ಅಷ್ಟೇ." ಪಂಕಜಾ ಮುಡಿಯಿಂದ ಒಂದು ತುಂಡು ಹರಿದು ಅವಳ ಕೈಗಿಟ್ಟಳು. "ತಗೊಳ್ಳಿ. ಊರಿನ ಹೂವು."

ಕೋಣೆಗೆ ಬಂದ ಮೇಲೆ ಪ್ರೇಮನಾಥ ಬೂಟು ಬಿಚ್ಚಲು ಕೂತ. ಲೇಸು ಬಿಚ್ಚಿ ಮುಗಿಯಲಿಲ್ಲ.

"ಹಡಗು ನಿಲ್ಲಿಸಿದ್ರು," ಎಂದಳು.

"ಬರೇ ನಾಲ್ಕು ಗಂಟೆ. ನೀನು ಎದ್ದು ಸೀರೆ ಉಡುವಾಗ ಮುಗೀತಿತ್ತು."

"ಎಬ್ಬಿಸ್ಬೇಕಿತ್ತು."

"ಒಳ್ಳೆ ನಿದ್ದೆ ಬಿದ್ದಿತ್ತು ನಿನಗೆ."

"ಎಷ್ಟು ಗುಳಿಗೆ ಕೊಟ್ಟದ್ದು?"

ಅವನು ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದ. ಪಟ್ಟಿ ಬಚ್ಚಲಿನ ಕನ್ನಡಿಯ ಕೆಳಗಿತ್ತು, ಅದರಲ್ಲಿ ಮೂರು ತೂತು. ರಾತ್ರಿ ಒಂದು ನುಂಗಿದ್ದು ಅವಳಿಗೆ ನೆನಪಿತ್ತು. ನಸುಕಿನಲ್ಲಿ ಯಾರೋ ತಲೆ ಎತ್ತಿ ಹಿಡಿದು, "ನುಂಗು, ನುಂಗು," ಎಂದದ್ದು ಕನಸು ಎಂದುಕೊಂಡಿದ್ದಳು.

ಸೋಫಾದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೈಯಲ್ಲಿದ್ದ ಹೂವು ಬೆವರಿಗೆ ಕಂದುತ್ತಿತ್ತು.

ಮರುದಿನ ಬೆಳಿಗ್ಗೆ ಅವನೇ ಬಂದು ಹೇಳಿದ: "ಕೊಚ್ಚಿ ಕ್ಯಾನ್ಸಲ್. ತುಫಾನು ಎದುರಿಗೇ ಬರ್ತಾ ಉಂಟಂತೆ. ಹಡಗು ತಿರುಗಿಸಿದ್ರು, ಸೀದಾ ಮುಂಬಯಿ."

ಅವಳು ಚಪ್ಪಲಿ ಮೆಟ್ಟಿ ಮೇಲೆ ಹತ್ತಿದಳು. ಕೊಚ್ಚಿಯಲ್ಲಿ ಇವಳು ಇಳಿದು ರೈಲು ಹಿಡಿದುಬಿಟ್ಟರೆ ಎಂದು ಹೆದರಿ ಇದನ್ನೂ ಕಟ್ಟಿ ಹೇಳುತ್ತಿದ್ದಾನೆ ಎಂದೇ ಅವಳ ಲೆಕ್ಕ. ಡೆಕ್ಕಿನ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಗಾಜಿನ ಆಚೆ ಕಡಲು ಬೂದಿಬಣ್ಣದ ಗೋಡೆಯಾಗಿ ಏಳುತ್ತಿತ್ತು, ಕುಸಿಯುತ್ತಿತ್ತು. ಈಜುಕೊಳದ ನೀರು ತಾನೇ ಹೊರಗೆ ಹಾರಿ ಕುರ್ಚಿಗಳನ್ನು ನೂಕುತ್ತಿತ್ತು. ಈ ಸಲ ಅವನು ಹೇಳಿದ್ದು ನಿಜ. ನಿಜವಾಗಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇನ್ನು ಮುಂದೆ ಅವನು ಮಳೆ ಬರುತ್ತಿದೆ ಎಂದರೂ ತಾನು ಕಿಟಕಿಯಿಂದ ಕೈ ಚಾಚಿ ನೋಡಬೇಕು.

ಕೋಣೆಗೆ ಮರಳಿದಾಗ ಪ್ರೇಮನಾಥ ಕಸದ ಬುಟ್ಟಿ ತಬ್ಬಿ ನೆಲದ ಮೇಲೆ ಕೂತಿದ್ದ. ಮುಖ ಹಿಂಡಿದ ಬಟ್ಟೆಯಂತಿತ್ತು. "ಗುಳಿಗೆ," ಎಂದ.

ಅವಳು ಪಟ್ಟಿಯಿಂದ ಒಂದನ್ನು ಬಿಡಿಸಿ ಕೊಟ್ಟಳು.

"ಇನ್ನೊಂದು ಕೊಡು ಮಾರಾಯ್ತಿ. ಜೀವ ಹೋಗ್ತಾ ಉಂಟು."

"ಒಂದು ಸಾಕು."

ಹಡಗು ಒಂದು ಮಗ್ಗುಲಿಗೆ ವಾಲಿತು. ಮೇಜಿನ ಮೇಲಿದ್ದ ಲೋಟ ಉರುಳಿ ಬಾಗಿಲಿಗೆ ಬಡಿಯಿತು. ಬುಟ್ಟಿಯೊಳಗೆ ಮುಖ ಇಟ್ಟುಕೊಂಡೇ ಅವನು ಹೇಳಿದ: "ನೀನು ಇಳಿದಿದ್ರೆ ಪುನಃ ಹತ್ತುತ್ತಿರ್ಲಿಲ್ಲ. ನನಗೆ ಗೊತ್ತುಂಟು."

"ಹತ್ತುತ್ತಿದ್ದೆ," ಎಂದಳು ಅವಳು. "ನಿಮ್ಮ ಆಣೆ, ಹೇಳಿದ ಹೊತ್ತಿಗೆ ಸರಿಯಾಗಿ ಹತ್ತುತ್ತಿದ್ದೆ."

ಅವನು ಏನೋ ಹೇಳಲು ಹೋದ, ವಾಂತಿ ಬಂತು.

ಎರಡು ದಿನದ ಮೇಲೆ ಮುಂಬಯಿ ಮುಟ್ಟಿದಾಗ ಡಿಸೆಂಬರಿನಲ್ಲಿ ಮಳೆ. ಶಾಲೆಗಳಿಗೆ ರಜೆಯಂತೆ. ಇಳಿಯುವ ಸಾಲಿನಲ್ಲಿ ನಿಂತೇ ಸ್ವರ್ಣಲತಾ ಗಂಡನ ಮುಂದೆ ಕೈ ಚಾಚಿದಳು. ಅವನು ಜೇಬಿನಿಂದ ಅವಳ ಫೋನು ತೆಗೆದುಕೊಟ್ಟ. ಒತ್ತಿ ಹಿಡಿದಳು. ಬೆಳಕು ಬಂತು, ಆಮೇಲೆ ಸಂದೇಶ: ಏಳು ಮಿಸ್ಡ್ ಕಾಲ್. ಏಳೂ ಅತ್ತಿಗೆಯದು, ಏಳೂ ಮಂಗಳೂರಿನ ಆ ಬೆಳಿಗ್ಗೆಯದು.

ಫೋನು ಮಾಡಿದಳು. ಅತ್ತಿಗೆ ಎತ್ತಲು ಹೊತ್ತು ಹಿಡಿಯಿತು.

"ಹೇಳು."

"ಅಣ್ಣ?"

"ಮಲಗಿದ್ದಾರೆ." ಸ್ವಲ್ಪ ತಡೆದು ಅತ್ತಿಗೆ ಹೇಳಿದಳು: "ಎಂಟು ಗಂಟೆಗೇ ಹೊರಡಿಸಿದ್ದೆ. ನಿನಗೆ ಅಂತ ಎರಡು ಚೆಂಡು ಹೂ ತಗೊಂಡು ಮಡಿಲಲ್ಲಿ ಇಟ್ಟುಕೊಂಡಿದ್ರು. ಗೇಟಿಂದ ಬಂದ ಒಬ್ಬೊಬ್ಬರನ್ನೂ ನೋಡಿದ್ರು. ಒಂದು ಗಂಟೆಗೆ ಹಡಗು ಹೊರಟಿತಲ್ಲ, ಆಗ ಹೇಳಿದ್ರು, ಅವಳಿಗೂ ಮನಸ್ಸಿಲ್ಲ, ಇನ್ನು ಫೋನು ಮಾಡ್ಬೇಡ ಅಂತ."

ಸಾಲು ಮುಂದೆ ಸರಿಯಿತು. ಹಿಂದಿನವರ ಪೆಟ್ಟಿಗೆ ಅವಳ ಹಿಮ್ಮಡಿಗೆ ತಾಗಿತು.

"ಸ್ವರ್ಣ, ಕಡಲು ಜೋರಿತ್ತಾ?" ಎಂದಳು ಅತ್ತಿಗೆ. ದನಿ ಮೆತ್ತಗಾಗಿತ್ತು. "ಹೌದು ಅಂತ ಹೇಳು. ಜೋರಿತ್ತು, ನಿನಗೆ ಇಳೀಲಿಕ್ಕೆ ಆಗ್ಲಿಲ್ಲ ಅಂತ ನಾನು ಅವರಿಗೆ ಹೇಳ್ತೇನೆ."

ಪ್ರೇಮನಾಥ ಎರಡು ಹೆಜ್ಜೆ ಆಚೆ, ದೊಡ್ಡ ಪೆಟ್ಟಿಗೆಯ ಹಿಡಿ ಹಿಡಿದು ಅವಳನ್ನೇ ನೋಡುತ್ತಿದ್ದ. ಹೌದು ಎಂಬ ಒಂದು ಮಾತು ಸಾಕಿತ್ತು. ಅಣ್ಣನಿಗೂ ಸಮಾಧಾನ, ಗಂಡನ ಮಾನವೂ ಉಳಿಯುತ್ತಿತ್ತು.

"ಇಲ್ಲ ಅತ್ತಿಗೆ," ಎಂದಳು ಸ್ವರ್ಣಲತಾ. "ಕಡಲು ಸಮ ಇತ್ತು. ಇವರು ನನ್ನನ್ನು ಮಲಗಿಸಿದ್ರು."

ಸಿಎಸ್‌ಟಿ ಸ್ಟೇಷನ್ನಿಗೆ ಟ್ಯಾಕ್ಸಿ ಹಿಡಿದರು. ಡೊಂಬಿವಲಿಯತ್ತ ಹೋಗುವ ಫಾಸ್ಟ್ ಲೋಕಲ್ ನಿಂತಿತ್ತು. ಮಧ್ಯಾಹ್ನ, ಮಳೆ, ರಜೆ: ಖಾಲಿ ಗಾಡಿ. ಅವನು ಪೆಟ್ಟಿಗೆ ಎಳೆದುಕೊಂಡು ಜನರಲ್ ಡಬ್ಬಿಯ ಬಾಗಿಲಲ್ಲಿ ನಿಂತು, ಏನೂ ಆಗಿಲ್ಲವೆನ್ನುವಂತೆ, ಎಂದಿನಂತೆ ಹೇಳಿದ: "ಮಿಸ್ಡ್ ಕಾಲ್ ಕೊಡು. ಮರೀಬೇಡ."

ಅವಳು ಚೀಲ ಹೆಗಲಿಗೇರಿಸಿ ಮುಂದಿನ ಹೆಂಗಸರ ಡಬ್ಬಿಗೆ ನಡೆದಳು.

ಠಾಣೆಯಲ್ಲಿ ಗಾಡಿ ನಿಂತಾಗ ಎದ್ದವಳನ್ನು ಎದುರಿಗೆ ಕೂತಿದ್ದ ಮುಖಪರಿಚಯದ ಹೆಂಗಸು ಕೇಳಿದಳು: "ಡೊಂಬಿವಲೀ ನಾ?" ಸ್ವರ್ಣಲತಾ ಇಲ್ಲವೆಂದು ತಲೆ ಅಲ್ಲಾಡಿಸಿ ಇಳಿದಳು. ಗಾಡಿ ಹೊರಟಿತು. ಹಿಂದಿನ ಡಬ್ಬಿಗಳು ಒಂದೊಂದಾಗಿ ಎದುರಿನಿಂದ ಹಾದವು. ಒಂದು ಕಿಟಕಿಯಲ್ಲಿ ಪ್ರೇಮನಾಥ, ಸರಳಿಗೆ ತಲೆ ಆನಿಸಿ, ಬಾಯಿ ತೆರೆದು.

ಸೇತುವೆ ಹತ್ತಿ ಇಳಿದು ಟಿಕೇಟಿನ ಸಾಲಿಗೆ ನಿಂತಳು. ಊರಿನ ಕಡೆ ಹೋಗುವ ಮತ್ಸ್ಯಗಂಧಾ ರೈಲು ಬರಲು ಇನ್ನೂ ಹೊತ್ತಿತ್ತು. ಜನರಲ್ ಬೋಗಿಯಾದರೂ ಪರವಾಗಿಲ್ಲ, ಬಾಗಿಲ ಹತ್ತಿರ ಕೂತಾದರೂ ಹೋದೀತು. ಮುಂದೆ ನಾಲ್ಕು ಜನ, ಮೂರು ಜನ, ಇಬ್ಬರು. ಇದ್ದಕ್ಕಿದ್ದಂತೆ ಅವಳ ಕೈ ತಾನಾಗಿ ಚೀಲಕ್ಕೆ ಹೋಗಿ ಫೋನನ್ನು ಹೊರಗೆ ತೆಗೆಯಿತು. ಗಡಿಯಾರ ನೋಡುವುದೇ ಬೇಕಿರಲಿಲ್ಲ. ಗಾಡಿ ಸುರಂಗ ದಾಟುವ ಹೊತ್ತನ್ನು ಆ ಕೈ ಇಷ್ಟು ವರ್ಷದಲ್ಲಿ ಕಲಿತುಬಿಟ್ಟಿತ್ತು. ಹೆಬ್ಬೆರಳು ಅವನ ಹೆಸರಿನ ಮೇಲೆ ನಿಂತಿತು.

ಫೋನನ್ನು ಬಾಕರವಡಿಯ ಪೊಟ್ಟಣದ ಪಕ್ಕಕ್ಕೆ ಇಳಿಬಿಟ್ಟು ಚೀಲದ ಜಿಪ್ಪು ಎಳೆದಳು.

"ಪುಢೇ ಯಾ," ಎಂದು ಮುಂದಕ್ಕೆ ಕರೆದ ಕಿಟಕಿಯ ಒಳಗಿನವನು. "ಕುಠೇ?"

"ಸುರತ್ಕಲ್," ಎಂದಳು. "ಒಂದು."