ಒಯ್ಯದೆ ಉಳಿದ ಮಾತು

ಎನೆಲೆಸಕ್ಕ ಅಂದು ಸಂಜೆ ನನ್ನ ಅಡುಗೆಮನೆಗೆ ಬಂದದ್ದು ಹರಟೆಗಲ್ಲ ಎಂಬುದು ಆಕೆ ಬಾಗಿಲಲ್ಲಿ ನಿಂತ ರೀತಿಯಲ್ಲೇ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಗೊತ್ತಿಲ್ಲದವಳ ಹಾಗೆ ಕೂತಿದ್ದೆ. ನಾನು ಮಾಡಿದ ತಪ್ಪು ಇಷ್ಟೇ. ಅಷ್ಟೇ ಸಾಕಾಯಿತು.

ನಾನು ಫಿಲಿಡಾ, ಮುಲಾಂಜೆ ಬೆಟ್ಟದ ಬುಡದ ಬಯಲಿನಲ್ಲಿ ಹದಿನೇಳು ವರ್ಷದಿಂದ ನರ್ಸು. ಆ ವರ್ಷ ನಮ್ಮ ಆಸ್ಪತ್ರೆಗೆ ಮೂರ್ಛೆರೋಗದ ಸಂಶೋಧನೆಯೊಂದು ಬಂದಿತ್ತು. ನಡೆಸುವವರು ಡಾಕ್ಟರ್ ಮ್ವೆನಿಫುಂಬೊ. ನಮ್ಮ ದೇಶದವರೇ, ಆದರೆ ಉತ್ತರದ ಕಡೆಯವರು. ಅಲ್ಲಿನವರು ಮನಸ್ಸಿಗೆ ಬಂದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಒಳ್ಳೆಯ ಮನುಷ್ಯ. "ಇಷ್ಟು ವರ್ಷ ರೋಗಿಗಳ ರಕ್ತ ತಗೊಂಡ್ವಿ, ಬುದ್ಧಿ ತಗೊಳ್ಳಲಿಲ್ಲ. ಇನ್ಮೇಲೆ ಅವರೂ ನಮ್ಮ ಜೊತೆ ಕೂತು ತೀರ್ಮಾನ ಮಾಡ್ಬೇಕು" ಎಂದರು. ಹಾಗೆ ಏಳು ಜನ ರೋಗಿಗಳ ಕಮಿಟಿಯಾಯಿತು. ಊರಿನ ಮುಖ್ಯಸ್ಥರಿಗೂ ಅದರಲ್ಲೊಂದು ಕುರ್ಚಿ ಹಾಕಿದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಅದಕ್ಕಾಗಿ ನನ್ನನ್ನು ಎರಡು ವಾರ ಬ್ಲಾಂಟೈರ್ ಪಟ್ಟಣಕ್ಕೆ ತರಬೇತಿಗೆ ಕಳುಹಿಸಿದ್ದರು. ಅಲ್ಲಿ ಕಲಿಸಿದ ಮುಖ್ಯ ಪಾಠ ಒಂದೇ: ರೋಗಿ ತನ್ನ ಮಾತನ್ನು ತನ್ನ ಬಾಯಿಂದಲೇ ಹೇಳಬೇಕು. ಗಂಡನಾಗಲಿ, ಮುಖ್ಯಸ್ಥನಾಗಲಿ, ನರ್ಸಾಗಲಿ ಅವರ ಪರವಾಗಿ ಮಾತಾಡಬಾರದು. ಪಾಠವೇನೋ ಸರಿಯೇ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನೂ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ಅದೇ ಮಾತನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಕಮಿಟಿಯಲ್ಲಿ ಎನೆಲೆಸಕ್ಕನೇ ಚುರುಕು. ಐವತ್ತರ ಹೆಂಗಸು. ಎಂಟನೇ ವಯಸ್ಸಿನಿಂದ ಫಿಟ್ಸ್. ನಮ್ಮಿಬ್ಬರದೂ ಒಂದೇ ಕುಲ, ಹಾಗಾಗಿ ನಾನು ಅಕ್ಕ ಎನ್ನುತ್ತಿದ್ದೆ, ಆಕೆ ತಂಗಿ ಎನ್ನುತ್ತಿದ್ದಳು. ಮಗಳು ಮ್ವಂಡಿಡಾಗೂ ಅದೇ ಕಾಯಿಲೆ; ಇಪ್ಪತ್ತೆರಡು ವರ್ಷ, ಮದುವೆ ಗೊತ್ತಾಗಿ ಎರಡು ಸಲ ಮುರಿದಿತ್ತು. ಸಂಶೋಧನೆಯ ಮಾತ್ರೆ ಸರಿಯಾಗಿ ಸಿಕ್ಕರೆ ಮಗಳು ಬೀಳುವುದು ನಿಲ್ಲುತ್ತದೆ ಎಂಬುದೊಂದೇ ಆಕೆಯ ಆಸೆ. ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದ್ದಳು:

"ಡಾಕ್ಟ್ರೇ, ಮಾತ್ರೆ ಡಬ್ಬಿ ಗಲಗಲ ಅನ್ನುತ್ತೆ. ಮಿನಿಬಸ್ಸಲ್ಲಿ ಎಲ್ರೂ ತಿರುಗಿ ನೋಡ್ತಾರೆ. ನಮ್ಮನ್ನೇನು ಮಂಗನ ಕುಣಿಸೋರು ಅಂದ್ಕೊಂಡಿದಾರಾ? ಬಟ್ಟೆ ಚೀಲದಲ್ಲಿ ಹಾಕಿ ಕೊಡಿ."

ಡಾಕ್ಟರು ಬಿದ್ದು ಬಿದ್ದು ನಕ್ಕು, ಅಂದೇ ಬಟ್ಟೆಚೀಲ ಹೊಲಿಸಲು ಹೇಳಿದರು. ತಮಾಷೆಯಾಗಿ ಹೇಳಬಹುದಾದದ್ದನ್ನು ಎನೆಲೆಸಕ್ಕ ಯಾರ ಮುಂದಾದರೂ ಹೇಳುತ್ತಿದ್ದಳು. ಕಹಿ ಮಾತು ಬೇರೆ.

ಜುಲೈ ತಿಂಗಳ ಸಭೆಯಲ್ಲಿ ಭೇಟಿಯ ನಿಯಮದ ಚರ್ಚೆ ಬಂತು. ಅಕ್ಟೋಬರಿನಿಂದ ಒಂದು ವರ್ಷ, ತಿಂಗಳಿಗೊಮ್ಮೆ ರೋಗಿ ತಾನೇ ಬರಬೇಕು, ರಕ್ತ ಕೊಡಬೇಕು, ಮುಂದಿನ ತಿಂಗಳ ಮಾತ್ರೆ ಒಯ್ಯಬೇಕು. ಬೇರೆಯವರ ಕೈಯಲ್ಲಿ ಕೊಡುವ ಹಾಗಿಲ್ಲ. "ನಿಮಗೆಲ್ಲ ಅನುಕೂಲ ಆಗುತ್ತಾ?" ಎಂದು ಡಾಕ್ಟರು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಎನೆಲೆಸಕ್ಕ ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು.

"ಮೌನವೇ ಸಮ್ಮತಿ ಅಂದ್ಕೊಳ್ಳಲಾ?" ಎಂದು ಡಾಕ್ಟರು ನಕ್ಕರು. ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ನಮ್ಮ ಬಯಲಿನಲ್ಲಿ ಮೌನವೆಂದರೆ ಸಮ್ಮತಿಯಲ್ಲ, ಒಲ್ಲೆ ಎಂದು ಅರ್ಥ. ಎದೆಹಾಲು ಕುಡಿಯುವಾಗಲೇ ಕಲಿತ ವಿಷಯವಿದು. ಆದರೂ ನಾನು ಪುಸ್ತಕದಲ್ಲಿ ದುಂಡಗೆ ಬರೆದೆ: ಎಲ್ಲರೂ ಒಪ್ಪಿದರು.

ಅಂದೇ ಸಂಜೆ ಎನೆಲೆಸಕ್ಕ ಒಂದು ಬುಟ್ಟಿ ಹಸಿ ತೊಗರಿಕಾಯಿ ಹೊತ್ತು ಬಂದಳು. ಕೂತು ಕಾಯಿ ಸುಲಿಯತೊಡಗಿದಳು.

"ತಂಗೀ, ಈ ಸಲ ಮಳೆ ಚೆನ್ನಾಗಾದ್ರೆ ಬೆಟ್ಟದಾಚೆ ಚಹಾ ತೋಟದಲ್ಲಿ ಎಲೆ ಜಾಸ್ತಿ ಅಂತೆ."

"ಆಗ್ಲಿ ಬಿಡು ಅಕ್ಕ."

"ಎಲೆ ಜಾಸ್ತಿ ಆದ್ರೆ ಕೀಳೋ ಕೈಯೂ ಜಾಸ್ತಿ ಬೇಕು. ಕ್ರಿಸ್ಮಸ್ ಮುಗಿದ ಕೂಡ್ಲೇ ಅರ್ಧ ಊರು ಅಲ್ಲಿರುತ್ತೆ. ಹೊಸ ಜೋಳ ಬರೋತನಕ ತೋಟದ ಕೂಲಿಯವರ ಲೈನ್‌ಮನೇಲೇ ವಾಸ. ಮೇಸ್ತ್ರಿ ಹತ್ರ ಒಂದು ದಿನ ರಜಾ ಕೇಳಿದ್ರೆ ಮಾರನೇ ದಿನ ನಿನ್ನ ಬುಟ್ಟಿ ಇನ್ನೊಬ್ಬಳ ಬೆನ್ನಲ್ಲಿ."

"ಹೌದಲ್ಲ."

"ಡಿಸೆಂಬರಲ್ಲೇ ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ರೆ ಒಳ್ಳೇದಿತ್ತು ಅಂತ ಯಾರೋ ಅಂತಿದ್ರಪ್ಪ."

"ಯಾರೋ ಅಂದ್ರೆ ಯಾರು?"

"ಯಾರೋ. ನಿನ್ನ ಕಿವಿಗೆ ಬಿದ್ದಿರ್ಲಿ ಅಂತ."

ನಮ್ಮಲ್ಲಿ ಗಟ್ಟಿ ವಿಷಯವನ್ನು ಯಾರೂ ಎದುರೆದುರು ನಿಂತು ಹೇಳುವುದಿಲ್ಲ. ಹೆಣ್ಣು ಕೇಳುವುದಿರಲಿ, ಗಂಡನ ಮೇಲೆ ದೂರಿರಲಿ, ಹಂಚಿಕೆಯ ಜಗಳವಿರಲಿ, ನಡುವೆ ಮಾತು ಒಯ್ಯುವವರೊಬ್ಬರು ಇರಲೇಬೇಕು. ನಡುವಿನವರಿಲ್ಲದ ಮದುವೆಯನ್ನು ನಮ್ಮಲ್ಲಿ ಮದುವೆ ಎಂದು ಒಪ್ಪುವುದೇ ಇಲ್ಲ. ನಡುವಿನವರಿಗೆ ಬುಟ್ಟಿ ತುಂಬ ಏನಾದರೂ ತರುತ್ತಾರೆ, ವಿಷಯವನ್ನು ಸುತ್ತಿ ಬಳಸಿ ಹೇಳುತ್ತಾರೆ. ಒಪ್ಪಿಕೊಂಡವರು ಅದನ್ನು ಮರ್ಯಾದೆಯ ಮಾತಿನಲ್ಲಿ ಸುತ್ತಿ ಆಚೆ ತಲುಪಿಸುತ್ತಾರೆ. ಎನೆಲೆಸಕ್ಕ ಅಂದು ನನ್ನನ್ನು ಆ ಜಾಗದಲ್ಲಿ ಕೂರಿಸಿದ್ದಳು. ಅದು ಸಣ್ಣ ಗೌರವವಲ್ಲ.

ನಾನು ಏನು ಮಾಡಿದೆ? ಟೀಚರಮ್ಮನ ಹಾಗೆ ಬಾಯಿ ತೆರೆದೆ.

"ಸಭೇಲಿ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ಯಲ್ಲ ಅಕ್ಕ, ಆಗ ಹೇಳ್ಬೇಕಿತ್ತು."

"ಮುಖ್ಯಸ್ಥರನ್ನ ಪಕ್ಕದಲ್ಲಿ ಕೂರಿಸ್ಕೊಂಡು, ದೂರದಿಂದ ಬಂದ ನೆಂಟರ ಮುಂದೆ, ನಮ್ಮೂರಲ್ಲಿ ಮೂರು ತಿಂಗಳು ಒಲೆ ಹತ್ತಲ್ಲ ಅನ್ಲಾ? ಮುಖ್ಯಸ್ಥರು ಮುಖ ಎಲ್ಲಿಡ್ಬೇಕು? ನೀನಿರೋದು ಮತ್ಯಾಕೆ?"

"ನಾನಿರೋದು ನಿನ್ನ ಬಾಯಿ ಆಗೋಕಲ್ಲ. ಸಭೇಲಿ ಆಡಿದ್ದು ಮಾತ್ರ ಪುಸ್ತಕಕ್ಕೆ ಹೋಗುತ್ತೆ. ಮುಂದಿನ ತಿಂಗಳು ನೀನೇ ಹೇಳು. ನಿನ್ನ ಪರವಾಗಿ ನಾನು ಹೇಳಿದ್ರೆ ಅದು ನಿನ್ನ ಹಕ್ಕು ಹೇಗಾಗುತ್ತೆ?"

ಎನೆಲೆಸಕ್ಕ ನಕ್ಕುಬಿಟ್ಟಳು. "ಓದಿದವರ ಮಾತು ನಮ್ಮಂಥವರಿಗೆ ಎಲ್ಲಿ ತಿಳಿಯುತ್ತೆ, ಬಿಡು" ಎಂದು ಉಳಿದ ಕಾಯಿ ಸುಲಿದುಕೊಟ್ಟು ಹೋದಳು. ನಾನು ಅಂದು ತೊಗರಿಕಾಳಿನ ಸಾರಿನ ಜೊತೆ ಜೋಳದ ಹಿಟ್ಟಿನ ನ್ಸಿಮಾ ಎರಡು ಮುದ್ದೆ ತಿಂದು ನೆಮ್ಮದಿಯಾಗಿ ಮಲಗಿದೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಗಸ್ಟ್ ಸಭೆಯಲ್ಲಿ ಎನೆಲೆಸಕ್ಕ ಮಾತಾಡಲಿಲ್ಲ. ಸೆಪ್ಟೆಂಬರಿನಲ್ಲೂ ಇಲ್ಲ. ನಾನು ಆಕೆಯ ಕಡೆ ನೋಡಿ ಹುಬ್ಬು ಹಾರಿಸಿದೆ, ಅವಕಾಶ ಕೊಟ್ಟವಳ ಗತ್ತಿನಲ್ಲಿ. ಆಕೆ ನೆಲ ನೋಡಿದಳು. ಒಮ್ಮೆ ಬೇಡವೆಂದವರಿಗೆ ಎರಡನೇ ಸಲ ಮಾತು ಹೊರಿಸುವ ಪದ್ಧತಿ ನಮ್ಮಲ್ಲಿಲ್ಲ. ಸೆಪ್ಟೆಂಬರ್ ಕೊನೆಗೆ ನಿಯಮಕ್ಕೆ ಸಹಿ ಬಿತ್ತು.

ಮೂರು ತಿಂಗಳು ಎಲ್ಲ ಸರಿಯಾಗಿತ್ತು. ಮ್ವಂಡಿಡಾ ಒಮ್ಮೆಯೂ ಬೀಳಲಿಲ್ಲ. ಡಿಸೆಂಬರಿನಲ್ಲಿ ಮಾತ್ರೆಗೆ ಬಂದವಳು ಹೊಸ ಬಟ್ಟೆ ಸುತ್ತಿಕೊಂಡಿದ್ದಳು. "ಮತ್ತೆ ಗಂಡಿನ ಕಡೆಯವರು ಬರ್ತಿದಾರಂತೆ ಚಿಕ್ಕಮ್ಮ" ಎಂದು ನಾಚಿಕೊಂಡು ಹೇಳಿದಳು.

ಜನವರಿಯಲ್ಲಿ ಎನೆಲೆಸಕ್ಕ ಒಬ್ಬಳೇ ಬಂದಳು.

"ಮಗಳೆಲ್ಲಿ?"

"ನೆಂಟರ ಮನೇಲಿದಾಳೆ."

"ಅವಳೇ ಬರ್ಬೇಕು ಅಕ್ಕ, ನಿಯಮ ಗೊತ್ತಲ್ಲ."

"ಗೊತ್ತು."

ಯಾವ ನೆಂಟರೆಂದು ನಾನು ಕೇಳಲಿಲ್ಲ. ಫೆಬ್ರವರಿಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಎನೆಲೆಸಕ್ಕನ ಚೀಲದಲ್ಲಿ ಉಳಿದ ಮಾತ್ರೆ ಎಣಿಸಿ ನೋಡಿದೆ, ಲೆಕ್ಕ ಕರಾರುವಾಕ್ಕಾಗಿತ್ತು. "ಶಭಾಷ್! ಎಲ್ರೂ ನಿನ್ನ ಹಾಗಿದ್ರೆ ನಮ್ಮ ಕೆಲಸ ಹೂವೆತ್ತಿದ ಹಾಗೆ" ಎಂದು ಬೆನ್ನು ತಟ್ಟಿದೆ. ತನ್ನ ಮಾತ್ರೆಯಲ್ಲಿ ಅರ್ಧ ಮುರಿದು ತೋಟಕ್ಕೆ ಹೋಗುವ ಸೈಕಲ್ಲಿನವರ ಕೈಯಲ್ಲಿ ಮಗಳಿಗೆ ಕಳಿಸುತ್ತಿದ್ದಳು, ಮಿಕ್ಕರ್ಧದಲ್ಲಿ ತಾನೂ ಮತ್ತೆ ಬೀಳತೊಡಗಿದ್ದಳು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಅರ್ಧ ಮಾತ್ರೆಗೆ ಆ ಕಾಯಿಲೆ ಬಗ್ಗುವುದಿಲ್ಲ. ಫೆಬ್ರವರಿ ಕೊನೆಯ ಭಾನುವಾರ ಲೈನ್‌ಮನೆಯಲ್ಲಿ ಗಂಜಿ ತಿರುವುತ್ತಿದ್ದ ಮ್ವಂಡಿಡಾ ಒಲೆಯ ಮೇಲೇ ಬಿದ್ದಳು. ಸುತ್ತ ಹೆಂಗಸರಿದ್ದರು. ಬಿದ್ದವರ ಬಾಯಿನೊರೆ ತಾಕಿದರೆ ತಮಗೂ ಕಾಯಿಲೆ ಹತ್ತುತ್ತದೆ ಎಂದು ಯಾರೂ ಮುಟ್ಟಲಿಲ್ಲ. ಅವಳ ಮೈಯ ಸೆಳೆತ ತಾನಾಗಿ ನಿಂತಾಗ ಬಲಗೈ ಬೆಂದುಹೋಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಗಂಡಿನ ಕಡೆಯವರು ಮತ್ತೆ ಬರಲಿಲ್ಲ.

ಡಾಕ್ಟರ್ ಮ್ವೆನಿಫುಂಬೊ ಮಾರನೇ ವಾರವೇ ಓಡಿ ಬಂದರು. ಆ ಜುಲೈ ಸಂಜೆಯ ಮಾತನ್ನು ನಾನು ಮುಚ್ಚಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಸೆಪ್ಟೆಂಬರ್ ತನಕ ಅದು ಬರೀ ಕರಡು ಫಿಲಿಡಾ" ಎಂದರು. "ಒಂದು ಫೋನ್ ಮಾಡಿದ್ರೆ ಸಾಕಿತ್ತು, ಬದಲಾಯಿಸ್ತಿದ್ದೆ. ಆಕೆ ನಿಮಗೆ ಹೇಳಿದ್ದಳಾ? ಹೇಳಿದ್ದಳಾ ನಿಜವಾಗ್ಲೂ?"

"ಹೇಳಿದ್ಲು ಸರ್."

"ಮತ್ತೆ?"

ಪಾಠ ತಪ್ಪು ಎನ್ನಲಾರೆ, ಕಲಿಸಿದವರು ನಮ್ಮ ಬಯಲನ್ನು ಕಂಡವರಲ್ಲ. ನಾನು ಕಂಡವಳು. ಒಂದು ಸರ್ಟಿಫಿಕೇಟಿನ ಸೊಕ್ಕಿಗೆ ಹುಟ್ಟಿದ ಊರಿನ ಮಾತೇ ನನಗೆ ಕೇಳಿಸದೆ ಹೋಯಿತು. ಕ್ರಿಸ್ಮಸ್ ನಂತರದ ಮಳೆಗಾಲಕ್ಕೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಎಂದು ಡಾಕ್ಟರು ಮಾರ್ಚಿನಲ್ಲಿ ನಿಯಮ ತಿದ್ದಿದರು. ಕೆಟ್ಟ ಮೇಲೆ ಬುದ್ಧಿ ಬಂತು.

ಏಪ್ರಿಲಿನಲ್ಲಿ ಮ್ವಂಡಿಡಾಳನ್ನು ಮನೆಗೆ ಕರೆತಂದರು. ಗಾಯ ತೊಳೆದು ಪಟ್ಟಿ ಕಟ್ಟಿಬರಲು ನಾನು ಎರಡು ಸಲ ಹೋದೆ. ಎನೆಲೆಸಕ್ಕ ಚಾಪೆ ಹಾಸಿದಳು, ಮಂಡಿಯೂರಿ ನೀರು ಕೊಟ್ಟಳು, ಪರವೂರಿನವರಿಗೆ ಕೊಡುವ ಹಾಗೆ. ಒಂದು ಮಾತೂ ಜೋರಾಗಿ ಆಡಲಿಲ್ಲ. ಮೂರನೇ ಸಲ ನಾನು ಹೊರಡುವ ಮೊದಲೇ ಆಕೆಯ ಪಕ್ಕದ ಮನೆಯ ಎಸ್ನಾತಿ ನನ್ನ ಬಾಗಿಲಿಗೆ ಬಂದಳು. ಬರಿಗೈಯಲ್ಲಿ ಬಂದಿರಲಿಲ್ಲ, ಒಂದು ತಟ್ಟೆ ಜೋಳದ ಹಿಟ್ಟಿತ್ತು. ಅದನ್ನು ನೋಡಿದ್ದೇ ನಾನು ಚಾಪೆ ಹಾಸಿದೆ.

"ಸಿಸ್ಟರ್, ಎನೆಲೆಸಮ್ಮ ಮಾತು ಕಳ್ಸಿದಾರೆ" ಎಂದು ಚಾಪೆಯ ಅಂಚಿಗೆ ಕೂತಳು. "ತಾವು ಪಟ್ಟ ಶ್ರಮಕ್ಕೆ ಮನೆಯವರೆಲ್ಲ ಕೈಮುಗಿದಿದ್ದಾರೆ. ಅವರಿಗೆ ವಯಸ್ಸಾಯ್ತಂತೆ, ಕಮಿಟಿಗೆ ಬರೋಕಾಗಲ್ವಂತೆ. ಪಟ್ಟಿ ಕಟ್ಟೋಕೆ ತಾವು ಅಷ್ಟು ದೂರ ದಣ್ಕೊಂಡು ಬರೋದು ಬೇಡ, ಬೇರೆ ಯಾರಾದ್ರೂ ಬಂದ್ರೆ ಸಾಕಂತೆ."

"ಎಸ್ನಾತಿ, ನಾನು ಅವಳ ತಂಗಿ ಕಣೇ. ನನಗೆ ಮಾತು ಕಳಿಸ್ತಾಳಾ? ನಡಿ, ನಾನೇ ಬಂದು ಮಾತಾಡ್ತೀನಿ."

"ಬೇಡಿ ಸಿಸ್ಟರ್." ಅವಳು ನನ್ನ ಮುಖ ನೋಡಲಿಲ್ಲ. "ತಾವೇನಾದ್ರೂ ಹೇಳೋದಿದ್ರೆ ನಂಗೆ ಹೇಳಿ. ನಾನು ಒಯ್ತೀನಿ. ಒಂದಕ್ಷರ ಬಿಡಲ್ಲ."

ನಾನು ಹೇಳಿದೆ. ಸುತ್ತಿ ಬಳಸಿ ಹೇಳುವ ತಾಳ್ಮೆ ಉಳಿದಿರಲಿಲ್ಲ. ಅಳುತ್ತ, ತೊದಲುತ್ತ, ಎಲ್ಲವನ್ನೂ ಹೇಳಿದೆ. ಎಸ್ನಾತಿ ಪೂರ್ತಿ ಕೇಳಿಸಿಕೊಂಡಳು. ತಪ್ಪಾಗಬಾರದೆಂದು ಒಮ್ಮೆ ನನ್ನೆದುರೇ ಅದನ್ನೆಲ್ಲ ಮೆಲ್ಲಗೆ ತಿರುಗಿ ಒಪ್ಪಿಸಿದಳು. ಆಮೇಲೆ ಎದ್ದು ಹೋದಳು.

ಈಗ ಜುಲೈ. ಎಸ್ನಾತಿಯನ್ನು ಬಾವಿಯ ಹತ್ತಿರ ಕಂಡಾಗಲೆಲ್ಲ ಕೇಳುತ್ತೇನೆ. "ತಲುಪಿಸಿದೀನಿ ಸಿಸ್ಟರ್" ಎನ್ನುತ್ತಾಳೆ. "ಪೂರ್ತಿ ಕೇಳಿಸ್ಕೊಂಡ್ರು. ಏನೂ ಅನ್ನಲಿಲ್ಲ."